ಹೊಡೆಯಲಿಲ್ಲವಲ್ಲ, ಐದಕ್ಕೆ ಐದು

ಜನರ ತೃಪ್ತಿಯನ್ನು ಅಳೆಯುವುದೂ ಒಂದು ಉದ್ಯೋಗ ಎಂದು ನನಗೆ ಗೊತ್ತಾದದ್ದು ೧೯೯೭ರಲ್ಲಿ. ಮಲ್ಲೇಶ್ವರದಲ್ಲಿ, ಹಿಟ್ಟಿನ ಗಿರಣಿಯೊಂದರ ಮೇಲಿನ ಮಹಡಿಯಲ್ಲಿ, ಬದರೀನಾರಾಯಣ ಎಂಬಾತ ಸಮೀಕ್ಷೆಯ ಕಚೇರಿ ನಡೆಸುತ್ತಿದ್ದ. ಆಗ ಎದುರಿಗೆ ಬಹುವಚನದಲ್ಲೇ ಮಾತಾಡಿಸುತ್ತಿದ್ದೆ. ಈಗ ಬರೆಯುವಾಗ ಆ ಶ್ರಮ ತೆಗೆದುಕೊಳ್ಳುವುದಿಲ್ಲ. ಬ್ಯಾಂಕು, ನರ್ಸಿಂಗ್ ಹೋಮು, ಹೋಟೆಲು, ಯಾರೇ ಆಗಲಿ, ಗಿರಾಕಿಗಳು ತಮ್ಮನ್ನು ಎಷ್ಟು ಮೆಚ್ಚುತ್ತಾರೆ ಎಂದು ತಿಳಿಯಬೇಕಾದರೆ ಅವನ ಹತ್ತಿರ ಬರುತ್ತಿದ್ದರು. ನಿಜವಾಗಿ ತಿಳಿಯುವ ಆಸೆ ಒಬ್ಬರಿಗೂ ಇದ್ದಂತೆ ಕಾಣಲಿಲ್ಲ. ಮೆಚ್ಚುತ್ತಾರೆ ಎಂದು ಬರೆದ ದಪ್ಪ ಕಾಗದ ಬೇಕಾಗಿತ್ತು, ಅಷ್ಟೆ. ವೈಯಾಲಿಕಾವಲಿನ ವೆಂಕಟಾಚಲ ಎಂಬ ನಾನು ಅಲ್ಲಿ ಕಂಪ್ಯೂಟರಿಗೆ ಅಂಕೆ ತುಂಬುವವನು. ಕೆಳಗೆ ರಾಗಿ ಬೀಸುವಾಗ ನನ್ನ ಮೇಜು ಸಣ್ಣಗೆ ನಡುಗುತ್ತಿತ್ತು. ಕೂದಲ ಮೇಲೆ ಹಿಟ್ಟಿನ ದೂಳು ಕೂತು ಮೂವತ್ತಕ್ಕೇ ಮುದುಕನಂತೆ ಕಾಣುತ್ತಿದ್ದೆ.

ಜ್ಯೋತಿಲಕ್ಷ್ಮಿಯವರು ಮರುವರ್ಷ ಬಂದರು. ಬಿನ್ನಿಪೇಟೆಯವರು. ತಂದೆ ಶ್ರೀನಿವಾಸಯ್ಯ ಮಿಲ್ಲಿನಲ್ಲಿ ಮಗ್ಗ ನೋಡಿಕೊಂಡಿದ್ದವರು, ತಾಯಿ ಕಮಲಮ್ಮ ಶಾಲೆಯೊಂದರಲ್ಲಿ ಆಯಾ. ಇವರು ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ್ದರು. ಎಣ್ಣೆ ಹಾಕಿ ಬಿಗಿಯಾಗಿ ಹೆಣೆದ ಜಡೆ, ಗಂಡಸರ ಕೈಗಡಿಯಾರ, ಎದುರಿಗಿದ್ದವರ ಕಣ್ಣನ್ನೇ ನೋಡಿ ಮಾತಾಡುವ ಅಭ್ಯಾಸ. ಸಂದರ್ಶನದ ದಿನ ಬದರೀನಾರಾಯಣ ಕೇಳಿದ:

"ನೋಡಮ್ಮಾ, ನಮ್ ಕೆಲಸದಲ್ಲಿ ಮುಖದ ಮೇಲೆ ಯಾವಾಗ್ಲೂ ನಗು ಇರ್ಬೇಕು. ನಗ್ತೀಯಾ?"

"ನಗೋ ಅಂಥದ್ದು ಇದ್ರೆ ನಗ್ತೀನಿ ಸಾರ್."

ಬೇರೆ ಹುಡುಗಿಯರು ಹೋಗಲು ಒಪ್ಪದ ಜಾಗಗಳಿಗೂ ಹೋಗುತ್ತೇನೆ ಎಂದಿದ್ದಕ್ಕೆ ಕೆಲಸ ಸಿಕ್ಕಿತು.

ಅಳೆಯುವ ಕ್ರಮ ಇಷ್ಟೇ. ಫಾರಂನಲ್ಲಿ ಇಪ್ಪತ್ತೆರಡು ಪ್ರಶ್ನೆ, ಎದುರಿಗೆ ಎರಡು ಸಾಲು ಖಾನೆ. ಮೊದಲ ಸಾಲಿನಲ್ಲಿ, ಇಲ್ಲಿಗೆ ಬರುವ ಮುಂಚೆ ಏನು ನಿರೀಕ್ಷಿಸಿದ್ದಿರಿ ಎಂಬುದಕ್ಕೆ ಒಂದರಿಂದ ಐದರವರೆಗೆ ಅಂಕ. ಎರಡನೆಯದರಲ್ಲಿ, ಸಿಕ್ಕಿದ್ದು ಹೇಗಿತ್ತು ಎಂಬುದಕ್ಕೆ ಅಂಕ. ಸಿಕ್ಕಿದ್ದರಲ್ಲಿ ನಿರೀಕ್ಷೆಯನ್ನು ಕಳೆದರೆ ಉಳಿಯುವುದೇ ಸೇವೆಯ ಗುಣಮಟ್ಟ. ಬ್ಯಾಂಕಿಗೂ ಅದೇ ಫಾರಂ, ಆಸ್ಪತ್ರೆಗೂ ಅದೇ. ಪ್ರಶ್ನೆಗಳನ್ನು ಬದರೀನಾರಾಯಣನೇ ಕನ್ನಡಕ್ಕೆ ತಂದಿದ್ದ. "ಸಿಬ್ಬಂದಿಯ ಸ್ಪಂದನಶೀಲತೆಯು ತಮ್ಮ ಅಪೇಕ್ಷಿತ ಸ್ತರವನ್ನು ತಲುಪಿತೆ?" ಎಂಬುದು ಏಳನೆಯ ಪ್ರಶ್ನೆ. ಅದನ್ನು ಓದಿ ಹೇಳಿದರೆ ಪ್ರೊಫೆಸರೂ ಬೆವರುತ್ತಿದ್ದರು. ಜ್ಯೋತಿಲಕ್ಷ್ಮಿಯವರು ಕೇಳುತ್ತಿದ್ದದ್ದು, "ಕರೆದ್ರೆ ಬಂದ್ರಾ?"

೧೯೯೯ರಲ್ಲಿ ಉದ್ಯಮಿಗಳ ಸಂಘವೊಂದು ಊರಿನ ಹನ್ನೆರಡು ಸಂಸ್ಥೆಗಳನ್ನು ಅಳೆದು, ಗೆದ್ದವರಿಗೆ ಜನಮೆಚ್ಚುಗೆಯ ಪ್ರಶಸ್ತಿ ಕೊಡಲು ತೀರ್ಮಾನಿಸಿತು. ಅಳೆಯುವ ಗುತ್ತಿಗೆ ನಮಗೆ ಬಂತು. ಜ್ಯೋತಿಲಕ್ಷ್ಮಿಯವರ ಪಾಲಿಗೆ ಬಸವನಗುಡಿಯ ಒಂದು ಬ್ಯಾಂಕು, ಕುಮಾರ ಪಾರ್ಕಿನ ಒಂದು ನರ್ಸಿಂಗ್ ಹೋಮು ಮತ್ತು ಬಡವರ ಒಂದು ಹೆರಿಗೆ ಆಸ್ಪತ್ರೆ ಬಿದ್ದವು.

ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ಅವರು ಆ ದಿನದ ಗಿರಾಕಿಗಳನ್ನು ನನ್ನ ಮುಂದೆ ಬಿಡಿಸಿಡುತ್ತಿದ್ದರು. ಬ್ಯಾಂಕಿನ ಗಿರಾಕಿ, ಮಲ್ಲಿಕಾರ್ಜುನಯ್ಯ ಎಂಬ ನಿವೃತ್ತ ಅಧಿಕಾರಿಯ ಮನೆಗೆ ಹೋದರೆ, ಇವರನ್ನು ಜಗುಲಿಯಲ್ಲೇ ನಿಲ್ಲಿಸಿ ತಾವು ಬೆತ್ತದ ಕುರ್ಚಿಯಲ್ಲಿ ಕೂತು ಮುಕ್ಕಾಲು ಗಂಟೆ ದೂರಿದರಂತೆ. ತಾವು ಒಳಗೆ ಹೋದಾಗ ಮ್ಯಾನೇಜರು ಎದ್ದು ನಿಲ್ಲಲಿಲ್ಲ. ಅದಕ್ಕೆ ಐದಕ್ಕೆ ಎರಡು. ಕೊನೆಯಲ್ಲಿ ಅವರೇ ಪ್ರಶ್ನೆ ಹಾಕಿದರು.

"ನಿಮ್ದು ಯಾವ ಕಡೆ?"

"ಬಿನ್ನಿಪೇಟೆ ಸಾರ್."

"ಅದಲ್ಲಮ್ಮಾ. ನೀವು ಯಾವ ಪೈಕಿ ಅಂತ."

"ಫಾರಂನಲ್ಲಿ ಆ ಪ್ರಶ್ನೆ ಇಲ್ಲ ಸಾರ್."

ನರ್ಸಿಂಗ್ ಹೋಮಿನಲ್ಲಿ ಒಬ್ಬಾಕೆ, ರೂಮಿನ ಟಿ.ವಿ.ಯಲ್ಲಿ ತನಗೆ ಬೇಕಾದ ಚಾನೆಲ್ ಬರುವುದಿಲ್ಲವೆಂದು ಎಲ್ಲ ಪ್ರಶ್ನೆಗೂ ಐದಕ್ಕೆ ಒಂದೊಂದೇ ಅಂಕ ಹಾಕಿದ್ದಳು. "ಅಪೆಂಡಿಕ್ಸ್ ಚೆನ್ನಾಗಿ ತೆಗೆದಿದಾರಂತೆ, ಚಾನೆಲ್ ಇಲ್ವಂತೆ," ಎಂದು ಜ್ಯೋತಿಲಕ್ಷ್ಮಿಯವರು ಮೊಸರನ್ನ ಕಲಸುತ್ತ ಹೇಳಿದರು. ಅವರ ತುಟಿ ಒಂದು ಕಡೆಗೆ ಓರೆಯಾಗುತ್ತಿತ್ತು. ನಗುವುದೆಂದರೆ ಅವರಿಗೆ ಅದೇ.

ಹೆರಿಗೆ ಆಸ್ಪತ್ರೆಯಿಂದ ಬಂದ ದಿನ ಮಾತ್ರ ಡಬ್ಬಿ ಬಿಚ್ಚಲಿಲ್ಲ. ಅಲ್ಲಿ ಒಂದೊಂದು ಮಂಚದ ಮೇಲೆ ಇಬ್ಬಿಬ್ಬರು ಬಾಣಂತಿಯರು, ಒಬ್ಬಳ ತಲೆಯ ಕಡೆ ಇನ್ನೊಬ್ಬಳ ಕಾಲು. ಹುಟ್ಟಿದ ಮಗುವಿನ ಮುಖ ತೋರಿಸಲು ಆಯಾಗಳಿಗೆ ಸಂತೋಷ ಕೊಡಬೇಕು. ಲಂಚಕ್ಕೆ ಅಲ್ಲಿ ಅದೇ ಹೆಸರು. ಲಾವಣ್ಯಾ ಎಂಬ ಇಪ್ಪತ್ತು ವರ್ಷದ ಹುಡುಗಿ, ಚಾಮರಾಜಪೇಟೆಯಲ್ಲಿ ಸೊಪ್ಪು ಮಾರುವವರ ಸೊಸೆ, ಚೊಚ್ಚಲ ಹೆರಿಗೆಗೆ ಬಂದಿದ್ದಳು. ಬರುವ ಮುಂಚೆ ಏನೇನು ನಿರೀಕ್ಷಿಸಿದ್ದೆ ಎಂದರೆ ಆಕೆಗೆ ಪ್ರಶ್ನೆಯೇ ಅರ್ಥವಾಗಲಿಲ್ಲ.

"ಏನ್ ಅನ್ಕೊಳ್ಳೋದು ಅಕ್ಕ? ಏನೂ ಇಲ್ಲ."

ಫಾರಂನಲ್ಲಿ ಸೊನ್ನೆ ಇರಲಿಲ್ಲ. ಒಂದು ಬರೆದುಕೊಂಡರು. ಸಿಕ್ಕಿದ್ದು ಹೇಗಿತ್ತು ಎಂದು ಕೇಳಿದರೆ ಲಾವಣ್ಯಾ ಎಲ್ಲದಕ್ಕೂ ಐದೇ ಐದು ಎಂದಳು.

"ಎರಡು ದಿನದಿಂದ ಹೀಗೆ ಮುದುರಿಕೊಂಡು ಮಲಗಿದೀಯಲ್ಲ. ಐದು ಯಾಕೆ?"

"ಹೊಡೀಲಿಲ್ಲ ಅಕ್ಕ. ನಮ್ಮ ಓರಗಿತ್ತಿಗೆ ಇನ್ನೊಂದು ಕಡೆ ನೋವಲ್ಲಿ ಕೂಗಿದ್ದಕ್ಕೆ ತೊಡೆ ಮೇಲೆ ಹೊಡೆದಿದ್ರಂತೆ. ಇಲ್ಲಿ ಬರೀ ಬೈತಾರೆ."

ಆ ವಾರ್ಡಿನ ಐವತ್ತು ಫಾರಂಗಳೂ ಹೆಚ್ಚುಕಡಿಮೆ ಹಾಗೇ ಇದ್ದವು. ಐದರಲ್ಲಿ ಒಂದು ಕಳೆದರೆ ನಾಲ್ಕು. ಮಲ್ಲಿಕಾರ್ಜುನಯ್ಯನವರಂಥವರ ಎರಡರಲ್ಲಿ ಐದು ಕಳೆದರೆ ಮೈನಸ್ ಮೂರು. ನಾನು ಗುಂಡಿ ಒತ್ತಿದೆ. ಹನ್ನೆರಡು ಸಂಸ್ಥೆಗಳಲ್ಲಿ ಹೆರಿಗೆ ಆಸ್ಪತ್ರೆ ಮೊದಲನೆಯದಾಗಿ ಬಂತು. ಬದರೀನಾರಾಯಣ ಕುರ್ಚಿಯಿಂದ ಎದ್ದೇ ಬಿಟ್ಟ. ಬಡವರ ಆಸ್ಪತ್ರೆ ಗೆದ್ದಿತೆಂದರೆ ಪತ್ರಿಕೆಯವರು ಬರುತ್ತಾರೆ, ಸರ್ಕಾರದ ಗುತ್ತಿಗೆಯೂ ಸಿಗಬಹುದು.

"ಸಾರ್, ಇದಕ್ಕೆ ಪ್ರಶಸ್ತಿ ಕೊಡ್ಬಾರ್ದು," ಎಂದರು ಜ್ಯೋತಿಲಕ್ಷ್ಮಿಯವರು.

"ಯಾಕಮ್ಮಾ? ಲೆಕ್ಕ ತಪ್ಪಾಗಿದ್ಯಾ?"

"ಲೆಕ್ಕ ಸರಿಯಾಗಿದೆ. ಏನೂ ಕೇಳದೇ ಇರೋರ ಹತ್ರ ಹೋಗಿ, ನಿಮಗೆ ತೃಪ್ತಿ ಆಯ್ತಾ ಅಂತ ಕೇಳ್ತಿದೀವಿ. ನಾಚ್ಕೆ ಆಗಲ್ವಾ?"

"ಇದು ಸೈನ್ಸು ಕಣಮ್ಮಾ. ಗಿರಾಕಿ ಹೇಳಿದ್ದೇ ಸತ್ಯ. ನಿನ್ನ ಅಭಿಪ್ರಾಯ ಯಾರು ಕೇಳಿದ್ರು?"

ನಾನು ಪರದೆ ನೋಡುತ್ತ ಕೂತಿದ್ದೆ.

ಚಾಮರಾಜಪೇಟೆಯ ಸಭಾಂಗಣವೊಂದರಲ್ಲಿ ಸಮಾರಂಭ ಇಟ್ಟರು. ತೃಪ್ತ ಗ್ರಾಹಕರೊಬ್ಬರನ್ನು ವೇದಿಕೆಗೆ ಕರೆತರುವ ಕೆಲಸವನ್ನು ಬದರೀನಾರಾಯಣ ಜ್ಯೋತಿಲಕ್ಷ್ಮಿಯವರಿಗೇ ಒಪ್ಪಿಸಿದ. ಅವರು ಮರುಮಾತಿಲ್ಲದೆ ಲಾವಣ್ಯಾಳನ್ನು ಮಗುವಿನ ಸಮೇತ ಕರೆತಂದರು. ಹುಡುಗಿ ಮದುವೆಯ ಸೀರೆ ಉಟ್ಟು ಬಂದಿದ್ದಳು. ಅವಳಿಗೆ ಮೈಕ್ ಕೊಟ್ಟು ನಾಲ್ಕು ಮಾತಾಡು ಎಂದರೆ ಬಾಯಿಂದ ಮಾತು ಹೊರಡಲಿಲ್ಲ. ಆಗ ಜ್ಯೋತಿಲಕ್ಷ್ಮಿಯವರು ಮೆಟ್ಟಿಲೇರಿ ಪಕ್ಕದಲ್ಲಿ ನಿಂತು, ಫಾರಂ ತುಂಬಿಸುವ ದನಿಯಲ್ಲೇ ಕೇಳಿದರು.

"ಆಸ್ಪತ್ರೆಗೆ ಹೋಗೋ ಮುಂಚೆ ಏನ್ ಆಗ್ಬೇಕು ಅನ್ಕೊಂಡಿದ್ದೆ, ಹೇಳು."

"ಹೊಡೀದೇ ಇದ್ರೆ ಸಾಕು ಅಂತ. ಮಗು ಬದಲಾಯಿಸ್ದೇ ಇದ್ರೆ ಸಾಕು ಅಂತ."

"ಹೊಡೆದ್ರಾ?"

"ಇಲ್ಲ ಅಕ್ಕ."

"ಮಂಚದಲ್ಲಿ ಎಷ್ಟು ಜನ ಇದ್ರಿ?"

"ಇಬ್ರು. ಮಕ್ಕಳು ಸೇರಿ ನಾಲ್ಕು."

ಸಭೆ ಈಗ ತಲೆ ತಗ್ಗಿಸುತ್ತದೆ ಎಂದು ನಾನು ಕಾದು ಕೂತಿದ್ದೆ. ಚಪ್ಪಾಳೆ ಬಿತ್ತು. ಸಣ್ಣದಲ್ಲ, ಒಂದು ನಿಮಿಷದ ಚಪ್ಪಾಳೆ. ಮುಂದಿನ ಸಾಲಿನ ರೇಷ್ಮೆ ಸೀರೆಯವರೊಬ್ಬರು ಕಣ್ಣೊರೆಸಿಕೊಂಡು, "ಎಷ್ಟು ಮುಗ್ಧೆ ನೋಡ್ರಿ, ಪಾಪ," ಎಂದರು. ಬದರೀನಾರಾಯಣ ಮೈಕ್ ಎತ್ತಿಕೊಂಡು, ಅಲ್ಪತೃಪ್ತಿಯೇ ನಮ್ಮ ನಾಡಿನ ಸಂಪತ್ತು ಎಂದ. ಆಸ್ಪತ್ರೆಯ ವೈದ್ಯಾಧಿಕಾರಿಗೆ ಬೆಳ್ಳಿ ಬಣ್ಣದ ಫಲಕ ಕೊಟ್ಟರು. ಆಮೇಲೆ ಎಲ್ಲರೂ ಬಿಸಿಬೇಳೆಬಾತಿಗೆ ನುಗ್ಗಿದರು. ಆ ಜನರ ನಡುವೆ ತಟ್ಟೆ ಹಿಡಿದು ನಿಂತು ನಾನೂ ಎರಡು ಸಲ ಬಡಿಸಿಕೊಂಡೆ. ಜ್ಯೋತಿಲಕ್ಷ್ಮಿಯವರು ಲಾವಣ್ಯಾಳನ್ನು ಆಟೋ ಹತ್ತಿಸಿ, ಊಟ ಮಾಡದೆ ನಡೆದುಕೊಂಡೇ ಮನೆಗೆ ಹೋದರು.

ರಾಜೀನಾಮೆ ಕೊಡುತ್ತಾರೆ ಎಂದುಕೊಂಡಿದ್ದೆ. ಕೊಡಲಿಲ್ಲ. ಮಾರನೆಯ ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬಂದು ಸಹಿ ಹಾಕಿದರು. ಬದರೀನಾರಾಯಣನ ಜೊತೆ ಮಾತ್ರ ಅಂದಿನಿಂದ ಹೌದು, ಇಲ್ಲ ಎಂಬ ಎರಡೇ ಮಾತು.

ಮರುವರ್ಷದ ಸುತ್ತಿಗೂ ಆ ಆಸ್ಪತ್ರೆ ಅವರಿಗೇ ಬಂತು, ಬೇರೆ ಯಾರೂ ಹೋಗುತ್ತಿರಲಿಲ್ಲ. ಒಂದು ವಾರ ಅವರ ಫಾರಂಗಳನ್ನು ತುಂಬುತ್ತಾ ಹೋದ ನನಗೆ ಏನೋ ಅದಲುಬದಲಾದಂತೆ ಅನ್ನಿಸಿತು. ನಿರೀಕ್ಷೆಯ ಖಾನೆಯಲ್ಲಿ ಹಿಂದಿನ ವರ್ಷ ಬರೀ ಒಂದುಗಳಿದ್ದವು. ಈಗ ಬರೀ ಐದು. ಸಿಕ್ಕಿದ್ದರ ಖಾನೆಯಲ್ಲಿ ಒಂದು, ಎರಡು.

"ಇದೇನ್ ಮೇಡಂ, ಖಾನೆ ತಿರುಗುಮುರುಗು ಬರೆದಿದೀರಾ?"

"ಇಲ್ಲ. ಅವರು ಹೇಳಿದ್ದನ್ನೇ ಬರೆದಿದೀನಿ."

ಅವರು ಮಾಡಿದ್ದು ಇಷ್ಟು. ಆ ಆಸ್ಪತ್ರೆಯ ಗೋಡೆಯ ಮೇಲೆ ಒಂದು ನೀಲಿ ಬೋರ್ಡು ಇತ್ತಂತೆ. ಒಬ್ಬರಿಗೆ ಒಂದು ಮಂಚ, ದಿನಕ್ಕೆ ಎರಡು ಹೊತ್ತು ಊಟ, ಹಾಲು, ಯಾರಿಗೂ ಹಣ ಕೊಡಬೇಕಾಗಿಲ್ಲ ಎಂದೆಲ್ಲ ಅದರ ಮೇಲೆ ಬರೆದಿತ್ತು. ಯಾರೂ ಓದದಂತೆ ಅದರ ಮುಂದೆ ಒಂದು ಬೀರು ನಿಲ್ಲಿಸಿದ್ದರು. ಜ್ಯೋತಿಲಕ್ಷ್ಮಿಯವರು ಬೀರುವಿನ ಸಂದಿಯಲ್ಲಿ ತಲೆ ತೂರಿಸಿ ಅದನ್ನೆಲ್ಲ ಬರೆದುಕೊಂಡಿದ್ದರು. ಒಬ್ಬೊಬ್ಬ ಬಾಣಂತಿಗೂ ಮೊದಲು ಅದನ್ನು ಓದಿ ಹೇಳುವುದು, ಆಮೇಲೆ, "ಈಗ ಹೇಳಿ, ಏನ್ ನಿರೀಕ್ಷೆ ಮಾಡ್ತೀರಾ?" ಎಂದು ಕೇಳುವುದು.

"ಇದು ನಿಯಮಕ್ಕೆ ವಿರುದ್ಧ ಅಲ್ವಾ?" ಎಂದೆ.

"ಹೌದು. ಹೋಗಿ ಹೇಳ್ತೀರಾ?"

ನಾನು ಹೇಳಲಿಲ್ಲ. ಬಾಯಿ ಮುಚ್ಚಿಕೊಂಡಿರುವುದೇ ದೊಡ್ಡ ಧೈರ್ಯ ಎಂದು ಮೂರು ವಾರ ನನ್ನನ್ನು ನಾನೇ ಮೆಚ್ಚಿಕೊಂಡು ಓಡಾಡಿದೆ.

ಸಂಧ್ಯಾ ಎಂಬ ಬಾಣಂತಿಯಿಂದ ವಿಷಯ ಹೊರಬಿತ್ತು. ಬೋರ್ಡಿನ ಮಾತು ಕೇಳಿದ ಮೇಲೆ ಆಕೆ, ಇನ್ನೊಬ್ಬಳನ್ನು ತನ್ನ ಮಂಚಕ್ಕೆ ತಂದು ಹಾಕಿದಾಗ ಒಪ್ಪಲಿಲ್ಲವಂತೆ. ಅಷ್ಟೇ ಅಲ್ಲ, ಆ ಇನ್ನೊಬ್ಬಳಿಗೂ ಬೇರೆ ಮಂಚ ಬೇಕೆಂದು ಹಟ ಹಿಡಿದಳು. ಆಯಾ ಕೂಗಾಡಿದಳು, ಸಂಧ್ಯಾಳ ಗಂಡ ಕೂಗಾಡಿದ, ಕೊನೆಗೆ ಉಗ್ರಾಣದಿಂದ ಮಡಚಿಟ್ಟಿದ್ದ ಆರು ಮಂಚ ಹೊರಗೆ ಬಂದವು. ಇಷ್ಟು ದಿನ ಅಲ್ಲೇ ಇದ್ದವು! "ನಿಂಗೆ ಇದನ್ನೆಲ್ಲ ಯಾರೇ ಹೇಳ್ಕೊಟ್ಟಿದ್ದು?" ಎಂದರೆ ಸಂಧ್ಯಾ ನೇರವಾಗಿ, "ಫಾರಂ ಅಕ್ಕ," ಎಂದಳು. ವೈದ್ಯಾಧಿಕಾರಿ ಬದರೀನಾರಾಯಣನಿಗೆ ಫೋನ್ ಮಾಡಿದರು.

ಅವನು ಜ್ಯೋತಿಲಕ್ಷ್ಮಿಯವರನ್ನು ನಮ್ಮೆಲ್ಲರ ಮುಂದೆ ನಿಲ್ಲಿಸಿ ಕೂಗಿದ.

"ನಿನ್ನನ್ನ ಅಳೆಯೋಕೆ ಕಳ್ಸಿದ್ದಾ, ಜನಾನ ಎತ್ತಿ ಕಟ್ಟೋಕೆ ಕಳ್ಸಿದ್ದಾ? ಡೇಟಾ ಪೂರ್ತಿ ಕೆಟ್ಟೋಯ್ತು!"

"ಡೇಟಾ ಈಗ ಸರಿಯಾಯ್ತು ಸಾರ್."

"ನಾಳೆಯಿಂದ ಬರ್ಬೇಡ."

"ನಾಳೆ ಯಾಕೆ," ಎಂದು ಅವರು ಚೀಲ ತೆಗೆದುಕೊಂಡು ಹೊರಟರು. ಬಾಗಿಲ ಹತ್ತಿರ ನಿಂತು ನನ್ನನ್ನು ಒಮ್ಮೆ ನೋಡಿದರು. ನಾನು ಫಾರಂಗಳ ಅಂಚು ಸರಿಮಾಡುತ್ತಿದ್ದೆ.

ಆಮೇಲೆ ಬದರೀನಾರಾಯಣ ನನ್ನ ಪಕ್ಕ ಕುರ್ಚಿ ಎಳೆದುಕೊಂಡು ಕೂತ. ಆ ಐವತ್ತು ಫಾರಂ ತೆಗೆದುಹಾಕು, ಹೋದ ವರ್ಷದವನ್ನೇ ಹಾಕು, ಒಂದೇ ಥರ ಕಾಣದ ಹಾಗೆ ಅಲ್ಲಲ್ಲಿ ಐದನ್ನು ನಾಲ್ಕು ಮಾಡು ಎಂದ. ಇಪ್ಪತ್ತು ನಿಮಿಷದ ಕೆಲಸ. ಮಾಡಿದೆ. ಹೆರಿಗೆ ಆಸ್ಪತ್ರೆಗೆ ಎರಡನೆಯ ಸಲ ಪ್ರಶಸ್ತಿ ಬಂತು. ಆ ಕಚೇರಿಯಲ್ಲಿ ಇನ್ನೂ ನಾಲ್ಕು ವರ್ಷ ಇದ್ದೆ. ತೃಪ್ತಿಯಾಗದ ಊರೇ ಇಲ್ಲ ಎಂಬಂಥ ವರದಿಗಳಿಗೆ ಅಂಕೆ ತುಂಬಿದೆ.

ಜ್ಯೋತಿಲಕ್ಷ್ಮಿಯವರು ಮನೆಯಲ್ಲಿ ಕೂತು ಪರೀಕ್ಷೆ ಕಟ್ಟಿದರಂತೆ. ಎರಡು ಸಲ ಆಗಲಿಲ್ಲ, ಮೂರನೆಯ ಸಲ ಪಾಸಾಗಿ ಸರ್ಕಾರಿ ಕಚೇರಿಯೊಂದರಲ್ಲಿ ದ್ವಿತೀಯ ದರ್ಜೆ ಸಹಾಯಕಿಯಾದರು. ನನಗದು ಗೊತ್ತಾದದ್ದು ೨೦೦೬ರಲ್ಲಿ, ನಮ್ಮ ತಂದೆಯ ಮರಣ ಪತ್ರದಲ್ಲಿ ಹೆಸರು ತಪ್ಪಾಗಿ ಬಂದು ತಿದ್ದಿಸಲು ಹೋದಾಗ. ಕೌಂಟರಿನ ಹಿಂದೆ ಅವರೇ ಕೂತಿದ್ದರು. ಸಾಲಿನಲ್ಲಿ ನನ್ನ ಮುಂದಿದ್ದವನು, "ಈಯಮ್ಮ ಸಿಡುಕಿ ಸಾರ್, ಆದ್ರೆ ಕೆಲಸ ಮಾಡ್ಕೊಡ್ತಾರೆ," ಎಂದ. ನನ್ನ ಸರದಿ ಬಂದಾಗ ಗುರುತು ಹಿಡಿದರು. ಹಿಡಿದದ್ದನ್ನು ತೋರಿಸಲಿಲ್ಲ.

"ದಾಖಲೆ ಏನಿದೆ?"

ರೇಷನ್ ಕಾರ್ಡ್ ಕೊಟ್ಟೆ. ಕಡತ ತೆಗೆದು, ತಿದ್ದಿ, ಒಳಗೆ ಹೋಗಿ ಸಹಿ ಹಾಕಿಸಿಕೊಂಡು ಬಂದರು. ಹತ್ತು ನಿಮಿಷವೂ ಹಿಡಿಯಲಿಲ್ಲ. ಕಾಗದ ಕೈಗೆ ಬಂದ ಮೇಲೂ ನಾನು ಅಲ್ಲೇ ನಿಂತಿದ್ದೆ.

"ಮೇಡಂ, ಅವತ್ತು ನಿಮ್ಮ ಫಾರಂಗಳನ್ನ ಅಳಿಸಿದ್ದು ನಾನೇ," ಎಂದೆ.

"ಗೊತ್ತು. ಬದರೀನಾರಾಯಣಂಗೆ ಕಂಪ್ಯೂಟರ್ ಆನ್ ಮಾಡೋಕೂ ಬರ್ತಿರ್ಲಿಲ್ಲ."

"ನನ್ನ ಮೇಲೆ ಕೋಪ ಇದ್ರೆ..."

ಅವರು ಅಂದು ಮೊದಲ ಸಲ ತಲೆಯೆತ್ತಿ ನನ್ನ ಕಣ್ಣನ್ನೇ ನೋಡಿದರು. ತುಟಿ ಒಂದು ಕಡೆಗೆ ಓರೆಯಾಯಿತು.

"ಕೋಪ ಯಾಕೆ ವೆಂಕಟಾಚಲ ಅವ್ರೇ? ನಿಮ್ಮಿಂದ ನಾನು ಏನನ್ನೂ ನಿರೀಕ್ಷೆ ಮಾಡಿರ್ಲಿಲ್ಲ," ಎಂದು ನನ್ನ ಹಿಂದೆ ನಿಂತಿದ್ದ ಮುದುಕಿಯ ಕಡೆ ಕೈ ಚಾಚಿದರು. "ಕೊಡಿ ಅಜ್ಜಿ, ಏನ್ ಆಗ್ಬೇಕು?"