ಎವರಾರ್ದೊಗೆ ಚೆಂಡೆಸೆದ ನನ್ನ ತಮ್ಮ

ನನ್ನ ತಮ್ಮನ ನಿಜವಾದ ಹೆಸರು ರೆಫ್ಯೂಹಿಯೊ ಬೊಹೋರ್ಕೆಸ್. ಆ ಹೆಸರು ಹಿಡಿದು ಅವನನ್ನು ಕರೆದವರು ಜ್ಞಾನಸ್ನಾನ ಮಾಡಿಸಿದ ಪಾದ್ರಿ ಒಬ್ಬರೇ ಇರಬೇಕು. ಊರಿಗೆಲ್ಲ ಅವನು ಕೂಕೊ. ಬೆಳಗ್ಗೆ ಗ್ವಾಯ್ಮಾಸ್ ಬಂದರಿನ ಐಸ್ ಕಾರ್ಖಾನೆಯಿಂದ ಸಿಗಡಿ ದೋಣಿಗಳಿಗೆ ಮಂಜುಗಡ್ಡೆ ಸಾಗಿಸುವುದು, ಸಂಜೆ ನಮ್ಮ ಬೇಸ್‌ಬಾಲ್ ತಂಡದವರಿಗೆ ಚೆಂಡು ಎಸೆಯುವುದು, ಇದೇ ಅವನ ಬದುಕು. ಪಂದ್ಯದಲ್ಲಿ ಎಸೆಯುವವನಲ್ಲ ಅವನು. ಪಂದ್ಯಕ್ಕೆ ಮುಂಚೆ, ಬಿಸಿಲು ಇಳಿಯುವ ಹೊತ್ತಿಗೆ ಒಬ್ಬೊಬ್ಬರಾಗಿ ಬ್ಯಾಟ್ ಹಿಡಿದು ಬರುವವರಿಗೆ ಕೈ ಕುದುರಲಿ ಎಂದು ಸಲೀಸಾದ ಚೆಂಡು ಹಾಕಿಕೊಡುವವನು. ಎಲ್ಲಿ ಬೇಕೆಂದರೆ ಅಲ್ಲಿ, ಹೊಡೆಯಲೆಂದೇ ಹುಟ್ಟಿದ ಹಾಗೆ ಬಂದು ನಿಲ್ಲುತ್ತಿತ್ತು ಅವನ ಚೆಂಡು. ಅದಕ್ಕೇ ಆಟಗಾರರಿಗೆ ಅವನೆಂದರೆ ಪ್ರೀತಿ.

ನಾನು ಅವನ ಅಕ್ಕ ಚಾಯೊ, ಅದೇ ಸ್ಟೇಡಿಯಂನಲ್ಲಿ ಬಟ್ಟೆ ಒಗೆಯುವವಳು. ಗ್ಯಾಲರಿಯ ಅಡಿಯಲ್ಲಿರುವ ನನ್ನ ಕೋಣೆಗೂ ಆಟಗಾರರ ಕೋಣೆಗೂ ನಡುವೆ ಒಂದೇ ಗೋಡೆ. ಮೇಲೆ ಗಾಳಿಗೆಂದು ಬಿಟ್ಟ ಕಿಂಡಿಯಿಂದ ಅವರ ಬೈಗುಳ, ಹಾಡು, ಗೊರಕೆ ಎಲ್ಲವೂ ನನ್ನ ಕಿವಿಗೆ ಬೀಳುತ್ತವೆ.

ಕೆಲವು ವರ್ಷಗಳ ಹಿಂದೆ, ಜನವರಿಯಲ್ಲಿ, ಕೂಕೊಗೆ ಚೆಂಡು ಬಡಿಯಿತು. ಎಸೆಯುವವನ ರಕ್ಷಣೆಗೆ ಅವನ ಮುಂದೆ ಕಬ್ಬಿಣದ ಚೌಕಟ್ಟಿಗೆ ಕಟ್ಟಿದ ಬಲೆ ಇರುತ್ತದೆ. ಕೈ ಬೀಸುವುದಕ್ಕೆ ಒಂದು ಮೂಲೆ ಮಾತ್ರ ಖಾಲಿ. ಯಾರೋ ಬಲವಾಗಿ ಹೊಡೆದ ಚೆಂಡು ಆ ಖಾಲಿ ಮೂಲೆಯಿಂದಲೇ ನುಗ್ಗಿ ಅವನ ಎಡಗಿವಿಗೆ ಅಪ್ಪಳಿಸಿತು. ರಕ್ತ ಒರೆಸಿಕೊಂಡು, ನಕ್ಕು, ಮತ್ತೆ ಎಸೆದ. ಆ ಕಿವಿ ಇನ್ನು ಕೇಳಿಸುವುದಿಲ್ಲ ಎಂದು ಡಾಕ್ಟರು ಹೇಳಿದ್ದು ನನಗೂ ಅವನ ಹೆಂಡತಿ ಒಬ್ದೂಲಿಯಾಗೂ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅಂದಿನಿಂದ ಮನೆಯಲ್ಲಿ ಪಾತ್ರೆಯ ಮುಚ್ಚಳ ಬಿದ್ದರೂ ಅವನ ಎರಡೂ ಕೈ ತಲೆಗೆ ಹಾರುತ್ತಿದ್ದವು.

ಈ ಸ್ಥಿತಿಯಲ್ಲಿ ಅವನಿದ್ದಾಗ ಎವರಾರ್ದೊ ಕಿಹಾದಾ ನಮ್ಮ ತಂಡಕ್ಕೆ ಬಂದ. ಗಡಿಯಾಚೆ ಅಮೆರಿಕದ ದೊಡ್ಡ ತಂಡಗಳಲ್ಲಿ ಆಡಿ ಹೆಸರು ಮಾಡಿದವನು. ಬಂದರಿನ ದೋಣಿಗಳನ್ನೆಲ್ಲ ಮಾರಿದರೂ ಇವನ ಸಂಬಳ ಹುಟ್ಟುವುದಿಲ್ಲ ಎಂದು ಮೀನು ಮಾರುಕಟ್ಟೆಯಲ್ಲಿ ಮಾತು. ಅವನು ಇಳಿದ ದಿನ ವಾದ್ಯ ಬಾರಿಸಿಕೊಂಡು ಕರೆತಂದರು. ಕೆಟ್ಟವನೇನಲ್ಲ. ನನ್ನ ಕೋಣೆಯ ಮುಂದೆ ಹಾಯುವಾಗ ಟೋಪಿ ತೆಗೆದು "ನಮಸ್ಕಾರ ದೋನಾ ಚಾಯೊ" ಎಂದು ಮರ್ಯಾದೆಯ ಮಾತು ಸೇರಿಸಿ ಕರೆಯುತ್ತಿದ್ದ. ಅವನು ಚೆನ್ನಾಗಿಯೇ ಹೊಡೆದ. ತಂಡ ಮಾತ್ರ ಸೋಲುತ್ತಲೇ ಹೋಯಿತು.

ಒಂದು ಭಾನುವಾರ ನಮ್ಮ ಊರಲ್ಲೇ, ನಮ್ಮ ಜನರ ಮುಂದೆಯೇ ಹೀನಾಯವಾಗಿ ಸೋತರು. ನಾನು ಮಣ್ಣಾದ ಜರ್ಸಿಗಳನ್ನು ನೆನೆಸುತ್ತಿದ್ದೆ. ಕಿಂಡಿಯಿಂದ ಎವರಾರ್ದೊನ ದನಿ ಬಂತು.

"ಸೋತಿದ್ದಕ್ಕೆ ನನಗೆ ಸಿಟ್ಟಿಲ್ಲ. ಸೋತು ಬಂದು ಮದುವೆ ಮನೆಗೆ ಬಂದೋರ ಹಾಗೆ ತಿಂತಾ ಕೂತಿದ್ದೀರಲ್ಲ, ಅದಕ್ಕೆ ಸಿಟ್ಟು."

"ನಿನ್ನ ಸಂಬಳ ನಮಗೆ ಕೊಡಪ್ಪಾ, ನಾವೂ ಉಪವಾಸ ಕೂತು ಅಳ್ತೀವಿ," ಎಂದ ಒಬ್ಬ. ನಗು ಎದ್ದಿತು.

"ನಗಿ, ನಗಿ. ನಾಳೆ ಊರವರು ಬೈಯೋದು ನನ್ನನ್ನ, ನಿಮ್ಮನ್ನಲ್ಲ. ನಿಮ್ಮ ಅಭ್ಯಾಸ ನೋಡಿದ್ದೀನಿ. ದೋನ್ ಕೂಕೊ ಎಸೆಯೋ ಚೆಂಡನ್ನ ನಮ್ಮಜ್ಜಿ ಕೂತಲ್ಲಿಂದಲೇ ಹೊಡೀತಾಳೆ. ಅದನ್ನ ಹೊಡೆದು ಹೊಡೆದು ನೀವು ದೊಡ್ಡ ಪೈಲ್ವಾನರು ಅಂದ್ಕೊಂಡಿದ್ದೀರಿ. ನಾಳೆಯಿಂದ ಬಲೆ ಮುಂದಕ್ಕೆ ಬರ್ಬೇಕು. ಹತ್ತಿರದಿಂದ, ಜೋರಾಗಿ ಎಸೀಬೇಕು. ಇನ್ನೊಂದು ಮಾತು." ಅವನ ದನಿ ಸ್ವಲ್ಪ ತಗ್ಗಿತು. "ದೋನ್ ಕೂಕೊ, ಬೇಜಾರು ಮಾಡ್ಕೋಬೇಡಿ. ಚೆಂಡು ಕೈ ಬಿಡೋ ಮುಂಚೆನೇ ನೀವು ಬಲೆ ಹಿಂದೆ ಮುದುರಿಕೊಳ್ತೀರಿ. ಎಸೆಯೋರೇ ಹೆದರಿದ್ರೆ ಹೊಡೆಯೋರಿಗೆ ಎಲ್ಲಿಂದ ಧೈರ್ಯ ಬರುತ್ತೆ?"

ಕೂಕೊ ಆ ಕೋಣೆಯಲ್ಲೇ ಇದ್ದ. ಚೆಂಡಿನ ಬಕೆಟ್ ಇಡಲು ಹೋಗಿದ್ದನಂತೆ. ನನ್ನ ಕೈಯಲ್ಲಿದ್ದ ಜರ್ಸಿಯನ್ನು ಹಿಂಡುವುದೂ ಮರೆತು ನಿಂತೆ.

ಸ್ವಲ್ಪ ಹೊತ್ತಿಗೆ ಕೂಕೊ ನನ್ನ ಬಾಗಿಲಿಗೆ ಬಂದ.

"ಕೇಳಿಸ್ತೇನೋ?" ಎಂದೆ, ಏನು ಹೇಳಬೇಕೆಂದು ತೋಚದೆ.

"ಒಂದೇ ಕಿವಿ ಆದ್ರೂ ಎಲ್ಲಾ ಕೇಳಿಸ್ತು ಅಕ್ಕಾ."

"ಕಿವಿ ವಿಷಯ ಹೇಳ್ಬಿಡು. ಮನುಷ್ಯ ತಾನೇ ಅವನೂ."

"ಹೇಳಿದ್ರೆ ನಾಳೆಗೇ ಬೇರೆಯವನನ್ನ ತರ್ತಾರೆ. ಸಂಜೆ ಹೊತ್ತು ನಾನು ಎಲ್ಲಿಗೆ ಹೋಗ್ಲಿ?"

ಹುಡುಗನಾಗಿದ್ದಾಗಿನಿಂದ ಅವನ ಸಂಜೆಗಳೆಲ್ಲ ಆ ಮೈದಾನದಲ್ಲೇ ಕಳೆದಿದ್ದವು.

ಮರುದಿನ ಬಲೆಯನ್ನು ಮುಂದಕ್ಕೆ ಎಳೆದರು. ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ನಾನು ಮೈದಾನದ ಬಾಗಿಲಲ್ಲಿ ನಿಂತು ನೋಡಿದೆ. ಕೂಕೊ ಜೋರಾಗಿ ಎಸೆದ. ಎವರಾರ್ದೊ ಹೊಡೆದ. ಚೆಂಡು ಕಾಣಲೇ ಇಲ್ಲ, ಬಲೆ ಮಾತ್ರ ಕೂಕೊನ ಮುಖದ ಹತ್ತಿರಕ್ಕೆ ಉಬ್ಬಿ ಹಿಂದೆ ಸರಿಯಿತು. ಮುಂದಿನದು ಕಬ್ಬಿಣಕ್ಕೆ ಬಡಿದು ಠಣ್ಣೆಂದಿತು. ನಾನು ಬುಟ್ಟಿಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡೆ. ನೋಡುವ ನನಗೇ ಹೀಗಾದರೆ ಅವನಿಗೆ ಹೇಗಿರಬೇಡ? ಆದರೆ ಅವನು ಮುದುರಿಕೊಳ್ಳಲಿಲ್ಲ. ಗೂಟ ಹೊಡೆದ ಹಾಗೆ ನಿಂತು ಎಸೆಯುತ್ತಲೇ ಇದ್ದ. ಮುಗಿದ ಮೇಲೆ ಗ್ಯಾಲರಿಯ ಹಿಂದೆ ಹೋಗಿ ವಾಂತಿ ಮಾಡಿಕೊಂಡ.

ದಿನವೂ ಹೀಗೇ ಆಯಿತು. ಒಬ್ದೂಲಿಯಾ ನನ್ನ ಕೋಣೆಗೆ ಬಂದು ಅತ್ತಳು. "ಅತ್ತಿಗೆ, ಅವರು ಊಟ ಬಿಟ್ಟಿದ್ದಾರೆ. ಮಧ್ಯಾಹ್ನ ಆಗ್ತಿದ್ದ ಹಾಗೆ ಕಾಫಿ ಲೋಟ ಹಿಡಿಯೋಕೆ ಆಗಲ್ಲ. ಏನಾಯ್ತು ಅಂದ್ರೆ ಐಸಿನ ಚಳಿ ಅಂತಾರೆ."

ಇನ್ನೂ ಕೆಟ್ಟದ್ದೆಂದರೆ, ತಂಡ ಗೆಲ್ಲತೊಡಗಿತು. ಜೋರಾದ ಚೆಂಡಿಗೆ ಅವರ ಕಣ್ಣು ಪಳಗಿತ್ತು. ಎವರಾರ್ದೊ ಕೂಕೊನ ಬೆನ್ನು ತಟ್ಟಿ, "ನೋಡಿದ್ರಾ ದೋನ್ ಕೂಕೊ? ಹೆದರಿಕೆ ಅನ್ನೋದು ಇಷ್ಟೇ!" ಎಂದ. ಕೂಕೊ ನಕ್ಕ. ಆ ನಗು ನೋಡಿ ನನಗೆ ಅಳು ಬಂತು. ಇನ್ನು ಅವನಿಗೆ ತಪ್ಪಿಸಿಕೊಳ್ಳುವ ದಾರಿಯೇ ಇರಲಿಲ್ಲ.

ಶುಕ್ರವಾರ ಅದು ನಡೆಯಿತು. ಅಭ್ಯಾಸ ತಾನೇ ಎಂದು ಎವರಾರ್ದೊ ಹೆಲ್ಮೆಟ್ ಹಾಕಿರಲಿಲ್ಲ. ಕೂಕೊ ಕೈ ಬೀಸಿದ. ಬ್ಯಾಟಿನ ಸದ್ದು ಬರಲಿಲ್ಲ, ಹಸಿ ಕಟ್ಟಿಗೆ ಮುರಿದಂಥ ಸದ್ದು ಬಂತು. ಎವರಾರ್ದೊ ಮಂಡಿಯೂರಿ, ಆಮೇಲೆ ಮಣ್ಣಿಗೆ ಮುಖವಿಟ್ಟು ಬಿದ್ದ. ಎಲ್ಲರೂ ಓಡಿದರು. ಕೂಕೊ ಮಾತ್ರ ಬಲೆಯ ಹಿಂದೆ ನಿದ್ದೆಯಿಂದ ಎದ್ದವನ ಹಾಗೆ ಸುತ್ತ ನೋಡಿದ. ಬಿದ್ದವನು ಕಣ್ಣಿಗೆ ಬಿದ್ದದ್ದೇ ತಿರುಗಿ, ಮೊಳೆ ಬೂಟಿನಲ್ಲೇ, ಗೇಟು ದಾಟಿ ಓಡಿಹೋದ.

ಅಷ್ಟರಲ್ಲಿ ರೇಡಿಯೊದವರು ಊರಿಗೆಲ್ಲ ಹೇಳಿಯಾಗಿತ್ತು. ನಾನು ಕೂಕೊನ ಮನೆ ಮುಟ್ಟುವಾಗ ಬೀದಿಯಲ್ಲಿ ಗಂಡಸರ ಗುಂಪು.

"ಎದುರಾಳಿ ಎರ್ಮೊಸಿಯೊ ತಂಡದವರು ಎಷ್ಟು ಕೊಟ್ರೋ ಕೂಕೊ?"

"ಈಚೆ ಬಾರೋ! ನಿನ್ನ ಕೆನ್ನೆನೂ ತೋರಿಸು!"

ಯಾರೋ ತಗಡಿನ ಮಾಡಿಗೆ ಕಲ್ಲು ತೂರಿದರು. ಅವರಲ್ಲಿ ಅರ್ಧ ಜನ ಕೂಕೊನ ಜೊತೆ ಐಸ್ ಹೊತ್ತವರೇ. ಅದೇ ನನಗೆ ಹೆಚ್ಚು ಭಯವಾದದ್ದು. ಒಬ್ದೂಲಿಯಾ ಒಳಗಿನಿಂದ ಅಗಳಿ ಹಾಕಿಕೊಂಡು, "ಇಲ್ಲಿಲ್ಲ ಅತ್ತಿಗೆ, ಬಂದೇ ಇಲ್ಲ," ಎಂದು ಕಿಟಕಿಯ ಸಂದಿಯಿಂದ ಪಿಸುಗುಟ್ಟಿದಳು.

ಅವನು ಎಲ್ಲಿಗೆ ಹೋಗಿರಬಹುದು ಎಂಬುದು ನನಗೆ ಹೊಳೆಯಿತು. ಐಸ್ ಕಾರ್ಖಾನೆಯ ಶೈತ್ಯದ ಕೋಣೆಯಲ್ಲಿ, ಆಳೆತ್ತರದ ಗಡ್ಡೆಗಳ ನಡುವೆ, ಬೆವರಿಗೆ ನೆಂದ ಅಂಗಿಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ತುಟಿ ನೀಲಿಗಟ್ಟಿತ್ತು.

"ಸತ್ತನಾ?" ಎಂದ.

"ಇಲ್ಲ ಕಣೋ. ಕೆನ್ನೆ ಮೂಳೆ ಬಿರುಕು ಬಿಟ್ಟಿದೆಯಂತೆ."

"ಕಣ್ಣು?"

"ಕಣ್ಣಿಗೇನೂ ಆಗಿಲ್ಲ."

ಅವನು ಅಳಲಿಲ್ಲ. ಹಲ್ಲು ಕಟಕಟ ಅನ್ನುವುದನ್ನು ನಿಲ್ಲಿಸಲು ಅಂಗೈ ಕಚ್ಚಿಕೊಂಡ. ನನ್ನ ಶಾಲು ಹೊದಿಸಿ, ದೋಣಿಕಟ್ಟೆಯ ಹಿಂದಿನ ದಾರಿಯಲ್ಲಿ ನನ್ನ ಮನೆಗೆ ಕರೆತಂದೆ.

ಒಂದು ದಿನ ಬಿಟ್ಟು ಬೆಳಗ್ಗೆ ಯಾರೋ ಬಾಗಿಲು ಬಡಿದರು. ತೆರೆದರೆ ಎವರಾರ್ದೊ. ಮುಖದ ಅರ್ಧ ಭಾಗ ಬದನೆಕಾಯಿ ಬಣ್ಣಕ್ಕೆ ಊದಿಕೊಂಡಿತ್ತು. ಹಿಂದೆ ಬೀದಿಯ ಜನವೆಲ್ಲ ಸೇರಿದ್ದರು. ಕೂಕೊ ಅಡುಗೆಮನೆಯ ಬಾಗಿಲ ಹಿಂದೆ ಸೇರಿಕೊಂಡ. ಹೊಡೆಯಲು ಬಂದಿದ್ದಾನೆಂದೇ ನಾನೂ ಎಣಿಸಿದೆ. ಏನು ಮಾಡಲಿ? ಕಾಫಿ ಕೊಟ್ಟೆ. ಬಾಯಿಯ ಒಂದು ಮೂಲೆಯಿಂದ ಕಷ್ಟಪಟ್ಟು ಹೀರಿದ.

"ದೋನ್ ಕೂಕೊ, ಬನ್ನಿ ಈಚೆಗೆ. ಒಂದೇ ಮಾತು ಕೇಳ್ಬೇಕು. ನನ್ನ ಮೇಲೆ ಸಿಟ್ಟಿಗೆ ಎಸೆದ್ರಾ?"

"ಅಯ್ಯೋ, ದೇವರಾಣೆಗೂ ಇಲ್ಲ," ಎಂದು ಕೂಕೊ ಬಾಗಿಲ ಸಂದಿಯಿಂದಲೇ ಹೇಳಿದ.

"ಮತ್ತೆ? ನಿಮ್ಮ ಕೈಯಿಂದ ಅಂಥ ಚೆಂಡು ಬರೋದಿಲ್ಲ."

ಕೂಕೊ ಈಚೆ ಬಂದ. "ನಾನು ನೋಡಿರ್ಲಿಲ್ಲ. ಕಣ್ಣು ಮುಚ್ಚಿದ್ದೆ," ಎಂದ.

"ಆವಾಗ ಮಾತ್ರಾನಾ?"

"ಬಲೆ ಮುಂದಕ್ಕೆ ತಂದಾಗಿನಿಂದ. ಮುದುರಿಕೋಬೇಡ ಅಂದ್ರಲ್ಲ ನೀವು. ಕಣ್ಣು ಬಿಟ್ಕೊಂಡು ನಿಲ್ಲೋಕಾಗ್ತಿರ್ಲಿಲ್ಲ. ಮುಚ್ಚಿಕೊಂಡ್ರೆ ನಿಲ್ಲೋಕಾಗ್ತಿತ್ತು."

ಎವರಾರ್ದೊ ಲೋಟ ಕೆಳಗಿಟ್ಟ. "ಪ್ರತಿ ಚೆಂಡೂ?" ಎಂದ. ಅವನ ದನಿ ಬದಲಾಗಿತ್ತು. "ದಿನಾ ನಾನು ಬರಿತಲೆಯಲ್ಲಿ ನಿಂತಿದ್ದೆನಲ್ಲ... ಆ ಹುಡುಗರೆಲ್ಲ ನಿಂತಿದ್ರಲ್ಲ... ಕಣ್ಣು ಮುಚ್ಚಿ ಎಸೆದ್ರಾ?"

ಕೂಕೊ ತಲೆಯಾಡಿಸಿದ. ಆಮೇಲೆ ಕಿವಿಯ ವಿಷಯವನ್ನೂ ಹೇಳಿದ. ಎವರಾರ್ದೊನ ಊದದೆ ಉಳಿದ ಅರ್ಧ ಮುಖದ ರಕ್ತವೆಲ್ಲ ಇಳಿದುಹೋಗಿತ್ತು. ಕಾಫಿ ಹಾಗೇ ಬಿಟ್ಟು ಎದ್ದು, ಹೊರಗೆ ನಿಂತ ಜನಕ್ಕೆ, "ಹೋಗ್ರಪ್ಪಾ ಮನೆಗೆ. ಹತ್ತಿರದಿಂದ ಎಸೀರಿ ಅಂದೋನು ನಾನು. ಇವರ ತಂಟೆಗೆ ಹೋದೋರು ನನ್ನ ತಂಟೆಗೆ ಬಂದ ಹಾಗೆ," ಎಂದ. ಜನ ಕರಗಿತು. ಕೂಕೊ ಮಾತ್ರ ಸ್ಟೇಡಿಯಂ ಕಡೆ ತಲೆ ಹಾಕಲಿಲ್ಲ.

ಗಾಯ ಮಾಗಿ ಎವರಾರ್ದೊ ಮತ್ತೆ ಆಡಲು ಬಂದ ದಿನ ಊರಿಗೆ ಊರೇ ಸೇರಿತ್ತು. ಮೊದಲ ಚೆಂಡಿಗೇ ಅವನ ಕಾಲು ಹಿಂದಕ್ಕೆ ಜಾರಿತು. ಚೆಂಡು ಅವನ ಮೈಗೆ ತಾಗದೆ, ಸರಿಯಾದ ಗೆರೆಯಲ್ಲೇ ಹೋಗಿತ್ತು. ಎರಡನೆಯದಕ್ಕೆ ತಲೆ ತಗ್ಗಿಸಿದ. ಮೂರನೆಯದಕ್ಕೆ ಬ್ಯಾಟ್ ಗಾಳಿಯಲ್ಲಿ ಬೀಸಿ, ಔಟಾಗಿ ಹೊರನಡೆದ. ಮುಂದಿನ ಪಂದ್ಯಗಳಲ್ಲೂ ಇದೇ. "ಸಂಬಳ ವಾಪಸ್ ಕೊಡೋ!" ಎಂದು ಗ್ಯಾಲರಿಯಿಂದ ಕೂಗು, ಶಿಳ್ಳೆ. ಕಿಂಡಿಯಾಚೆ ಅವನ ದನಿಯೇ ಕೇಳಿಸದಾಯಿತು.

ಒಂದು ಬೆಳಗ್ಗೆ ಅವನು ನನ್ನ ಕೋಣೆಗೆ ಬಂದು ಒಗೆಯುವ ಮೆಷಿನ್ನಿಗೆ ಒರಗಿ ನಿಂತ. "ದೋನಾ ಚಾಯೊ, ನಿಮ್ಮ ತಮ್ಮನ ಹತ್ರ ಕರ್ಕೊಂಡು ಹೋಗ್ತೀರಾ?"

ಕಾರ್ಖಾನೆಯ ಅಂಗಳದಲ್ಲಿ ಕೂಕೊ ಲಾರಿಗೆ ಗಡ್ಡೆ ಏರಿಸುತ್ತಿದ್ದ. ಎವರಾರ್ದೊ ಸುತ್ತಿ ಬಳಸಿ ಮಾತಾಡಲಿಲ್ಲ.

"ಹೋಗುತ್ತಾ ಇದು?"

ಕೂಕೊಗೆ ಅರ್ಥವಾಯಿತು. "ನನಗಿನ್ನೂ ಹೋಗಿಲ್ಲ."

"ಮತ್ತೆ ಅಷ್ಟು ದಿನ ಹೇಗೆ ನಿಂತ್ರಿ?"

"ಎಲ್ಲಿ ನಿಂತಿದ್ದೆ? ನಿಂತ ಹಾಗೆ ಕಾಣ್ತಿದ್ದೆ ಅಷ್ಟೇ."

ಇಬ್ಬರೂ ಸೇರಿ ಒಂದು ಗಡ್ಡೆಯನ್ನು ಲಾರಿಗೆ ಏರಿಸಿದರು. ಕೊನೆಗೆ ಎವರಾರ್ದೊ, "ನಿಮ್ಮ ಆ ಹಳೇ ಮೆತ್ತನೆ ಚೆಂಡು ಇದೆಯಲ್ಲ, ಅದನ್ನ ಎಸೀತೀರಾ? ಯಾರೂ ಇಲ್ಲದಾಗ," ಎಂದ. ಅಜ್ಜಿಯ ಮಾತು ಅವನಿಗೂ ನೆನಪಾಗಿರಬೇಕು, ಕಿವಿ ಕೆಂಪಾಯಿತು.

ದೋಣಿ ದುರಸ್ತಿಯ ವೆಲ್ಡರ್‌ನಿಂದ ಚೌಕಟ್ಟನ್ನು ಎತ್ತರ ಮಾಡಿಸಿ, ಖಾಲಿ ಮೂಲೆಯನ್ನು ಕಿರಿದು ಮಾಡಿಸಿದರು. ಬಲೆ ಹಳೆಯ ಜಾಗಕ್ಕೆ ಹೋಯಿತು. ಬೆಳಗ್ಗೆ ಐಸ್ ಕೆಲಸ ಮುಗಿದ ಮೇಲೆ, ಖಾಲಿ ಸ್ಟೇಡಿಯಂನಲ್ಲಿ, ನಮ್ಮ ಕಡೆಯ ಅತಿ ದುಬಾರಿ ಆಟಗಾರ ಹೆಲ್ಮೆಟ್ ಬಿಗಿದುಕೊಂಡು ಒಂದು ಕಡೆ, ನನ್ನ ತಮ್ಮ ಇನ್ನೊಂದು ಕಡೆ. ಮೊದಲ ದಿನ ಕೂಕೊನ ಕೈ ಚೆಂಡು ಬಿಡಲೇ ಒಲ್ಲದೆ ಅದು ಅವನ ಕಾಲ ಬುಡದಲ್ಲೇ ಬಿತ್ತು. ಎರಡನೆಯದು ಆಮೆಯ ಹಾಗೆ ಹೋಯಿತು. ಆದರೂ ಎವರಾರ್ದೊ ಹಾರಿ ಪಕ್ಕಕ್ಕೆ ಸರಿದ.

"ಕಣ್ಣು ಬಿಟ್ಟಿದ್ದೀರಿ ತಾನೇ?" ಎಂದು ಕೂಗಿದ.

"ಬಿಟ್ಟಿದ್ದೀನಿ ಮಾರಾಯ್ರೆ! ನೀವು ಬಿಟ್ಟಿದ್ದೀರಾ?"

ನನಗೆ ನಗು ಬರಲಿಲ್ಲ. ಇಬ್ಬರ ಮುಖವೂ ಬಿಳಿಚಿಕೊಂಡಿತ್ತು.

ವಾರಗಳು ಹಿಡಿದವು. ಎವರಾರ್ದೊ ಮತ್ತೆ ಹೊಡೆದ, ಮೊದಲಿನಷ್ಟಲ್ಲ. ತಂಡ ಕೊನೆಯ ಸುತ್ತಿಗೆ ಹೋಗಿ ಅಲ್ಲಿ ಸೋತಿತು. ಕಿಂಡಿಯಿಂದ ಅವನ ದನಿ ಮತ್ತೆ ಬರತೊಡಗಿತು, ಬೈಗುಳವೂ ಬಂತು. ಒಂದು ಸಲ ಮಾತ್ರ, "ಚೆಂಡು ಕಂಡ್ರೆ ಯಾರಿಗಾದ್ರೂ ಒಳಗೊಳಗೇ ಹೆದರಿಕೆ ಇದ್ರೆ ಬೆಳಗ್ಗೆ ಬನ್ನಿ, ನಾವಿಬ್ಬರು ಇರ್ತೀವಿ," ಎಂದದ್ದು ಕೇಳಿಸಿತು. ಯಾರೂ ನಗಲಿಲ್ಲ. ಮರುದಿನ ಇನ್ನಿಬ್ಬರು ಬಂದಿದ್ದರು.

ಮುಂದಿನ ವರ್ಷ ಎವರಾರ್ದೊ ಬೇರೆ ತಂಡಕ್ಕೆ ಹೋದ. ಸಂಜೆಯ ಅಭ್ಯಾಸಕ್ಕೆ ಮರಳಿದ ಕೂಕೊ ಈಗಲೂ ಎಸೆಯುತ್ತಾನೆ. ಮೈದಾನಕ್ಕೆ ಇಳಿಯುವ ಮುಂಚೆ ನನ್ನ ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ನಾನು ಬಟ್ಟೆ ಮಡಿಸುತ್ತಿರುತ್ತೇನೆ. ಕೆಲವು ಸಂಜೆ ಬೇಗ ಹೋಗುತ್ತಾನೆ, ಕೆಲವು ಸಂಜೆ ಮೈದಾನದಿಂದ ಆಟಗಾರರು ಎರಡು ಮೂರು ಸಲ ಕೂಗಿದ ಮೇಲೆಯೇ ಹೆಜ್ಜೆ ಕಿತ್ತಿಡುತ್ತಾನೆ.