ನಮ್ಮ ಸರ್ ಮಾಡಿದ ಪುಡಿ

ಮೊನ್ನೆ ತೆಂಗಿನಕಾಯಿ ತುರಿಯುವಾಗ ಬೆರಳು ಕೊಯ್ದುಕೊಂಡೆ. ಬೇಗೂರಿನ ನಮ್ಮ ಬೀದಿಯ ಕ್ಲಿನಿಕ್ಕಿನಲ್ಲಿ ಕಂಪೌಂಡರು ಹತ್ತಿಗೆ ಅಯೋಡಿನ್ ಅದ್ದಿ ಗಾಯಕ್ಕೆ ಒತ್ತಿದರು. ಉರಿ ಆಮೇಲೆ ಬಂತು, ಮೊದಲು ಬಂದದ್ದು ಆ ಘಾಟು. ಅದರ ಹಿಂದೆಯೇ ನಮ್ಮ ಸರ್ ನೆನಪಾದರು, ನೆನಪಾದೊಡನೆ ಎಂದಿನಂತೆ ಸಿಟ್ಟೂ ಬಂತು. ಹೋದವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಅನ್ನುತ್ತಾರೆ. ಹಾಗೆನ್ನುವವರು ಅವರ ಕೈಕೆಳಗೆ ಒಂದು ವಾರ ಕೆಲಸ ಮಾಡಿ ನೋಡಬೇಕಿತ್ತು.

ಬೊಮ್ಮಸಂದ್ರದಲ್ಲಿ, ಮಾತ್ರೆ ಕಾರ್ಖಾನೆಯೊಂದರ ಹಿಂದಿನ ಕಟ್ಟಡದಲ್ಲಿ ನಮ್ಮ ಪುಟ್ಟ ಲ್ಯಾಬ್ ಇತ್ತು. ಸರ್ ಅದರ ಮುಖ್ಯಸ್ಥರು, ನಾನು ಅಲ್ಲಿ ಕೆಮಿಸ್ಟ್. ಅಣುಸ್ಥಾವರದ ಬಳಸಿದ ಇಂಧನವನ್ನು ಕರಗಿಸುವಾಗ ವಿಕಿರಣ ಸೂಸುವ ಅಯೋಡಿನ್ ಅನಿಲವಾಗಿ ಏಳುತ್ತದೆ. ಬಿಟ್ಟರೆ ಗಾಳಿಗೆ ಸೇರಿ, ಹುಲ್ಲಿಗಿಳಿದು, ಹಾಲಿಗೆ ಬಂದು, ಕೊನೆಗೆ ಮನುಷ್ಯರ ಥೈರಾಯ್ಡ್ ಗ್ರಂಥಿಯಲ್ಲಿ ಕೂರುತ್ತದೆ. ಅದನ್ನು ಚಿಮಣಿ ದಾಟುವ ಮೊದಲೇ ಹಿಡಿದಿಡುವ ಪುಡಿ ಮಾಡುವುದು ನಮ್ಮ ಕೆಲಸ. ಲೋಹದ ಗಂಟುಗಳನ್ನು ಇಂಗಾಲದ ಕಡ್ಡಿಗಳಿಂದ ಜೋಡಿಸಿ ಕಟ್ಟಿದ ಹಂದರ ಅದು. ಕಣ್ಣಿಗೆ ಮೈದಾಹಿಟ್ಟು, ಒಳಗೆಲ್ಲ ಬರೀ ಖಾಲಿ ಗೂಡು. ಕಾಯಿಸಿ ಗೂಡುಗಳನ್ನು ಬರಿದು ಮಾಡಿಟ್ಟರೆ ಅಯೋಡಿನ್ ಒಳಹೊಕ್ಕು ಕೂರುತ್ತದೆ, ಬಿಳಿ ಪುಡಿ ಕಪ್ಪಾಗುತ್ತದೆ. ಆದರೆ ಅಯೋಡಿನ್ನೇ ಬರಬೇಕೆಂಬ ಹಟ ಆ ಗೂಡುಗಳಿಗಿಲ್ಲ. ಸಿಟಿ ಬಸ್ಸಿನ ಸೀಟಿನ ಹಾಗೆ, ಮೊದಲು ಬಂದವರಿಗೆ ಜಾಗ.

ಇದೇ ಕಾರಣಕ್ಕೆ ಸರ್ ನಮ್ಮ ಪ್ರಾಣ ತಿಂದರು. ಬೆಳಿಗ್ಗೆ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೂ ಮೂಸುತ್ತಿದ್ದರು, ಸುಳ್ಳಲ್ಲ! ಸೆಂಟ್ ಕೂಡದು, ತಲೆಗೆ ಎಣ್ಣೆ ಕೂಡದು, ಒಳಗೆ ಕಾಫಿ ತರಕೂಡದು. ವರಮಹಾಲಕ್ಷ್ಮಿ ಹಬ್ಬದ ದಿನ ಮಲ್ಲಿಗೆ ಮುಡಿದು ಹೋದ ನನ್ನನ್ನು ಮೆಟ್ಟಿಲಲ್ಲೇ ತಡೆದರು. "ಏನಮ್ಮಾ, ನಿನ್ ಹೂವಿನ್ ವಾಸ್ನೇನೂ ಆ ಪುಡಿ ಕುಡೀಬೇಕಾ? ತೆಗ್ದಿಟ್ಟು ಬಾ." ಸೆಕ್ಯೂರಿಟಿಯವರ ಮೇಜಿನ ಮೇಲೆ ಹೂ ಬಿಚ್ಚಿಟ್ಟು ಒಳಗೆ ಹೋದೆ. ಅವತ್ತಿಡೀ ಅವರಿಗೆ ಮುಖ ಕೊಟ್ಟು ಮಾತಾಡಲಿಲ್ಲ, ಅವರು ಅದನ್ನು ಗಮನಿಸಲೂ ಇಲ್ಲ.

ಆ ವರ್ಷ ದಸರಾ ಮುಗಿದೊಡನೆ, ನಮ್ಮ ಲ್ಯಾಬ್ ನಡೆಸುತ್ತಿದ್ದ ಕಂಪನಿಯವರು ಪರೀಕ್ಷೆ ನೋಡಲು ಬರುವವರಿದ್ದರು. ಪುಡಿ ಗೆದ್ದರೆ ದೊಡ್ಡ ಫಿಲ್ಟರ್ ಮಾಡುವ ಕೆಲಸ ಶುರು, ಸೋತರೆ ಲ್ಯಾಬಿಗೆ ಬೀಗ. ಹಾಗಂತ ಮುಲಾಜಿಲ್ಲದೆ ಹೇಳಿಬಿಟ್ಟಿದ್ದರು. ಸರ್ ಊಟ ಕಡಿಮೆ ಮಾಡಿದರು, ಬೈಯುವುದನ್ನು ಜಾಸ್ತಿ ಮಾಡಿದರು.

ಆಯುಧಪೂಜೆಯೆಂದರೆ ಬೊಮ್ಮಸಂದ್ರದಲ್ಲಿ ಲೇತ್ ಮಿಷನ್ನಿನಿಂದ ಲಾರಿಯವರೆಗೆ ಎಲ್ಲಕ್ಕೂ ಕುಂಕುಮ, ಬಾಳೆಕಂದು. ಒಡೆದ ಬೂದುಗುಂಬಳಕ್ಕೆ ರಸ್ತೆಯೆಲ್ಲ ಜಾರುತ್ತಿರುತ್ತದೆ. ನಮ್ಮಲ್ಲಿ ಮಾತ್ರ ಪೂಜೆ ಗೇಟಿನಾಚೆ, ಅದೂ ಸ್ಕೂಟರುಗಳಿಗಷ್ಟೇ. ಸರ್ ಅವರ ಅಪ್ಪಣೆ! ಪುಡಿಯನ್ನು ಕಾಯಿಸಿ, ಬರಿದು ಮಾಡಿ, ಗಾಜಿನ ಪೆಟ್ಟಿಗೆಯಲ್ಲಿ ಮುಚ್ಚಿಟ್ಟಾಗಿತ್ತು. ಕಡ್ಲೆಪುರಿ ತಿಂದು ನಾವು ಹೊರಟೆವು. ಅವರೊಬ್ಬರೇ ಉಳಿದುಕೊಂಡರು.

ಹಬ್ಬ ಕಳೆದ ಮೇಲೆ, ಪೂಜೆಯ ವಾಸನೆ ಇನ್ನೂ ಬೀದಿಯಲ್ಲಿರುವಾಗಲೇ, ಕಂಪನಿಯವರು ಬಂದರು. ಗಡಿಬಿಡಿಯಲ್ಲಿ ಪೆಟ್ಟಿಗೆಯಿಂದ ಪುಡಿ ತೆಗೆದು ಗಾಜಿನ ಕೊಳವೆಗೆ ತುಂಬಿ ಒಂದು ತುದಿಯಿಂದ ಅಯೋಡಿನ್ನಿನ ನೇರಳೆ ಹೊಗೆ ಬಿಟ್ಟೆ, ವಿಕಿರಣವಿಲ್ಲದ ಸಾಧಾರಣ ಅಯೋಡಿನ್. ಇನ್ನೊಂದು ತುದಿಯಲ್ಲಿ ಗಂಜಿ ಹಚ್ಚಿದ ಒದ್ದೆ ಕಾಗದ. ಅಯೋಡಿನ್ ತಪ್ಪಿಸಿಕೊಂಡರೆ ಅದು ನೀಲಿಯಾಗುತ್ತದೆ. ಅಷ್ಟು ದಿನ ಬೆಳ್ಳಗೇ ಉಳಿಯುತ್ತಿದ್ದ ಕಾಗದ, ಬಂದವರು ಕುರ್ಚಿ ಎಳೆದು ಕೂರುವಷ್ಟರಲ್ಲಿ ನೀಲಿಯಾಯಿತು. "ತಿಳಿಸ್ತೀವಿ ಸಾರ್" ಅಂದು ಎದ್ದು ಹೋದರು.

ನನಗೆ ತಲೆಯೇ ಓಡಲಿಲ್ಲ. ಪೆಟ್ಟಿಗೆಯಲ್ಲಿ ಉಳಿದಿದ್ದ ಪುಡಿಯನ್ನು ತಂದು ಕಾಯಿಸಿದೆ. ಘಮ್ಮೆಂದು ಕರ್ಪೂರದ ವಾಸನೆ! ಓಡಿಹೋಗಿ ಪೆಟ್ಟಿಗೆಯನ್ನು ಸರಿಯಾಗಿ ನೋಡಿದರೆ ಮೂಲೆಯಲ್ಲಿ ಸಣ್ಣದೊಂದು ಕುಂಕುಮದ ಬೊಟ್ಟು, ಒಳಗೆ ಪುಡಿಯ ತಟ್ಟೆಯ ಪಕ್ಕ ಸವೆದ ಕರ್ಪೂರದ ಬಿಲ್ಲೆಗಳು. ನನ್ನ ಹೂವನ್ನು ಮೆಟ್ಟಿಲಲ್ಲೇ ಇಳಿಸಿದ ಮಹಾನುಭಾವರು ಪೆಟ್ಟಿಗೆ ತೆರೆದು ಆರತಿ ಎತ್ತಿ, ಮಿಕ್ಕ ಬಿಲ್ಲೆಗಳನ್ನು ಒಳಗೇ ಬಿಟ್ಟು ಭದ್ರವಾಗಿ ಮುಚ್ಚಿದ್ದರು. ರಜೆಯೆಲ್ಲ ಪುಡಿ ಕರ್ಪೂರ ಕುಡಿದು ಕೂತಿತ್ತು.

"ಸರ್... ಆರತಿ ಮಾಡಿದ್ರಾ?"

ಅವರು ಕನ್ನಡಕ ತೆಗೆದು ಒರೆಸಿದರು, ಬಹಳ ಹೊತ್ತು ಒರೆಸಿದರು. "ಎಲ್ರೂ ಅವರವರ ಮಿಷನ್‌ಗೆ ಮಾಡ್ತಿದ್ರು ಕಣಮ್ಮ. ನಂಗಿರೋದು ಇದೊಂದೇ. ಭಯ ಆಗ್ಬಿಡ್ತು."

ಈಗಲೇ ಫೋನ್ ಮಾಡಿ ನಿಜ ಹೇಳಿ, ಇನ್ನೊಮ್ಮೆ ಬರಲಿ ಎಂದು ಅಂಗಲಾಚಿದೆ. "ಏನಂತ ಹೇಳ್ಲಿ? ಇಷ್ಟು ವರ್ಷ ಕೆಮಿಸ್ಟ್ರಿ ಮಾಡಿದೋನು ಪುಡಿಗೆ ಮಂಗಳಾರತಿ ಎತ್ತಿದ ಅಂತ್ಲಾ? ನೀನೂ ಯಾರ್ಗೂ ಹೇಳ್ಬೇಡ. ಮಾತು ಕೊಡು." ಪುಡಿಯೇ ಕೆಟ್ಟದ್ದು ಅಂದುಕೊಂಡರೆ ಪರವಾಗಿಲ್ಲವೇ ಎಂದು ಕೇಳಿದೆ. ಒಂದು ಫೋನ್ ಸ್ವಾಮಿ, ಒಂದೇ ಒಂದು ಫೋನ್! ಆ ಮುಖ ನೋಡಲಾಗದೆ ಮಾತು ಕೊಟ್ಟೆ.

ಮಾರನೆಯ ದಿನ ಕರ್ಪೂರವೆಲ್ಲ ಹೋಗುವ ತನಕ ಆ ಪುಡಿಯನ್ನು ಕಾಯಿಸಿ ಮತ್ತೆ ಪರೀಕ್ಷೆ ಮಾಡಿದೆ. ಪುಡಿ ಕಾಡಿಗೆಯಂತೆ ಕಪ್ಪಾಯಿತು, ಕಾಗದ ಬೆಳ್ಳಗೇ ಉಳಿಯಿತು. ಸರ್ ಪಕ್ಕದಲ್ಲಿ ನಿಂತು ನೋಡಿದರು. "ಕುಡೀತು ನೋಡಮ್ಮ..." ಅಂದರು. ಯುಗಾದಿಯ ಹೊತ್ತಿಗೆ ಲ್ಯಾಬಿಗೆ ಬೀಗ ಬಿತ್ತು.

ಈಗ ನಾನು ಅದೇ ಬೊಮ್ಮಸಂದ್ರದಲ್ಲಿ ಕೆಮ್ಮಿನ ಔಷಧಿ ಪರೀಕ್ಷೆ ಮಾಡುತ್ತೇನೆ. ಸರ್ ಹೋದ ವರ್ಷ ತೀರಿಕೊಂಡರು. ನೋಡಲು ಹೋದಾಗ ಅಂಗಳದಲ್ಲಿ ಯಾರೋ ಹೇಳುತ್ತಿದ್ದರು, "ಒಳ್ಳೆ ಮನುಷ್ಯ ಪಾಪ, ಏನೋ ಪುಡಿ ಮಾಡಿದ್ರಂತೆ, ಕೆಲಸಕ್ಕೆ ಬರ್ಲಿಲ್ವಂತೆ." ಮಾತು ಕೊಟ್ಟಿದ್ದೆನಲ್ಲ, ನಿಜವನ್ನು ನುಂಗಿಕೊಂಡೆ. ಅಲ್ಲಿಂದ ಇಲ್ಲಿಯವರೆಗೆ ಅದು ಇಳಿದಿಲ್ಲ.

ಕೆಲಸಕ್ಕೆ ಬರುತ್ತಿತ್ತು ಕಣ್ರೀ ಆ ಪುಡಿ. ನಾನು ಕಣ್ಣಾರೆ ನೋಡಿದ್ದೇನೆ. ಕೊಟ್ಟ ಮಾತು ಮುರಿದೆ ಸರ್, ಎಲ್ಲರಿಗೂ ಹೇಳಿಬಿಟ್ಟೆ... ಬೈಯುವುದಕ್ಕಾದರೂ ನೀವು ಇರಬೇಕಿತ್ತು.