ಮೂಗಮ್ಮನ ಗಲಾಟೆ ಹೂವು

ಅಲ್ಲ ಶ್ವೇತ, ಆ ಗಿಡದ ಬುಡಕ್ಕೆ ಮತ್ತೆ ಚೊಂಬು ಬಗ್ಗಿಸಿದೆಯಾ? ಇಡು ಕೆಳಗೆ ಅದನ್ನ. ಬಾ ಇಲ್ಲಿ, ಈ ಅವರೆಕಾಯಿ ಸುಲಿಯುತ್ತ ಕೂತುಕೋ, ಹೇಳುತ್ತೇನೆ. ಆ ಗಿಡಕ್ಕೆ ಅಷ್ಟು ನೀರು ಹುಯ್ಯುವುದೂ ಒಂದೇ, ಕುತ್ತಿಗೆ ಹಿಸುಕುವುದೂ ಒಂದೇ. ನಮ್ಮೂರಿನಲ್ಲಿ ಅದು ಗೊತ್ತಿದ್ದವಳು ಮೂಗಮ್ಮ ಒಬ್ಬಳೇ. ಗೊತ್ತಿದ್ದರಿಂದಲೇ ಅವಳು ತನ್ನ ಓರಗಿತ್ತಿಯ ಮೇಲೆ ಸೇಡು ತೀರಿಸಿಕೊಂಡದ್ದು. ಕಾಯಲ್ಲಿ ಹುಳ ಇದ್ದರೆ ಪಕ್ಕಕ್ಕೆ ಹಾಕು ಮಗ, ಕೋಳಿಗಾಗುತ್ತದೆ.

ಮೂಗಮ್ಮ ಪಾಂಡವಪುರದ ಕಡೆಯ ಹೆಣ್ಣು. ಹೆಸರು ಕೇಳಿ ಮೂಗಿ ಅಂದುಕೊಳ್ಳಬೇಡ. ಮಾತು ಬರುತ್ತಿತ್ತು, ಆಡುತ್ತಿರಲಿಲ್ಲ, ಅಷ್ಟೆ. ಆಡಬೇಕಾದ್ದನ್ನೆಲ್ಲ ಉಪ್ಪಿನಕಾಯಿಯ ಹಾಗೆ ಒಳಗೇ ಮುಚ್ಚಿಡುತ್ತಿದ್ದಳು; ದಿನ ಹೋದಷ್ಟೂ ಖಾರ ಊರುತ್ತಿತ್ತು. ಸಂತೆಬಾಚಹಳ್ಳಿಯ ಪಕ್ಕದ ಈ ನಮ್ಮೂರಿಗೆ ಪುಟ್ಟಸ್ವಾಮಿಯನ್ನು ಕೈ ಹಿಡಿದು ಬಂದಳು. ಪುಟ್ಟಸ್ವಾಮಿ ಹಸುವಿನಂಥ ಮನುಷ್ಯ. ಅವನ ಅಣ್ಣ ಚಲುವರಾಜು, ಆ ಅಣ್ಣನ ಹೆಂಡತಿ ದೊಡ್ಡತಾಯಮ್ಮ. ಆ ಮನೆಯಲ್ಲಿ ಗೋಡೆ ಗಡಿಯಾರ ಕೂಡ ದೊಡ್ಡತಾಯಮ್ಮನ ಮುಖ ನೋಡಿಕೊಂಡೇ ಗಂಟೆ ಹೊಡೆಯುತ್ತಿತ್ತು.

ಅಣ್ಣತಮ್ಮಂದಿರು ಪಾಲಾದಾಗ ಕೆರೆ ಕೆಳಗಿನ ಗದ್ದೆ ಅಷ್ಟೂ ಅಣ್ಣನ ಪಾಲಿಗೆ ಹೋಯಿತು. ತಮ್ಮನಿಗೆ ಬಂದದ್ದು ಊರಾಚೆಯ ಗರಸು ದಿಣ್ಣೆ. ಗರಸು ಅಂದರೆ ಗೊತ್ತಲ್ಲ, ಬರೀ ಸಣ್ಣಕಲ್ಲು, ಕೆಂಪು ಪುಡಿ. ಮಳೆ ಬಿದ್ದ ನೀರು ಅಲ್ಲಿ ಒಂದು ಗಳಿಗೆಯೂ ನಿಲ್ಲುವುದಿಲ್ಲ. ಪುಟ್ಟಸ್ವಾಮಿ ಎಂದೂ ಬಾಯಿ ತೆರೆಯದವನು, ಆವತ್ತು ಊರಿನ ಹಿರಿಯರ ಮುಂದೆ 'ಇದು ನ್ಯಾಯವಾ?' ಅಂದುಬಿಟ್ಟ. ದೊಡ್ಡತಾಯಮ್ಮನಿಗೆ ಅದೇ ಉರಿ.

ಆ ಉರಿ ಹೊರಬಿದ್ದದ್ದು ಅವಳ ಮಗಳು ರಂಜಿತ ದೊಡ್ಡವಳಾಗಿ ಆರತಿ ಮಾಡಿದ ದಿನ. ಮೂಗಮ್ಮನಿಗೆ ಆ ಹುಡುಗಿ ಅಂದರೆ ಪ್ರಾಣ. ಹೂ ಕಟ್ಟುವುದರಲ್ಲಿ ಅವಳನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಬೆಳಗಿನಿಂದ ಕೂತು ಮಲ್ಲಿಗೆಯ ಮೊಗ್ಗಿನ ಜಡೆ ಹೆಣೆದು ತಟ್ಟೆಯಲ್ಲಿಟ್ಟುಕೊಂಡು ಹೋದಳು. ಹಸೆಯ ಮುಂದೆ, ಊರಿನ ಹೆಂಗಸರೆಲ್ಲ ನೋಡುತ್ತಿದ್ದಂತೆ, ದೊಡ್ಡತಾಯಮ್ಮ ಆ ಜಡೆಯನ್ನು ಎರಡು ಬೆರಳಲ್ಲಿ ಎತ್ತಿ ಹಿತ್ತಿಲ ಬಾಗಿಲಿಂದಾಚೆ ತಿಪ್ಪೆಗೆ ಎಸೆದಳು.

'ಗರಸು ನೆಲದೋಳು ಮುಟ್ಟುದ್ದೆಲ್ಲ ಒಣಗೋಯ್ತದೆ ಕಣ್ರಮ್ಮಿ. ನನ್ ಮಗ್ಳು ತಲೆಗೆ ಅದು ಬ್ಯಾಡ.'

ಮೊದಲು ನಕ್ಕವಳು ಚಿಕ್ಕಬೋರಮ್ಮ. ಅವಳು ಸಾವಿನ ಮನೆಯಲ್ಲೂ ನಗುವವಳು ಬಿಡು. ಅವಳ ಹಿಂದೆ ಎಲ್ಲರೂ ನಕ್ಕರು. ಅಂದಿನಿಂದ ಮೂಗಮ್ಮನಿಗೆ ಗರಸಮ್ಮ ಅನ್ನುವ ಹೆಸರು ಅಂಟಿತು. ಹಿಟ್ಟಿನ ಗಿರಣಿಯಲ್ಲೂ 'ಗರಸಮ್ಮನ ರಾಗಿ ಆಯ್ತು, ತಕ್ಕೊಂಡೋಗಿ' ಅನ್ನುವುದು. ಮೂಗಮ್ಮ ತಿಪ್ಪೆಯಿಂದ ಜಡೆ ಆಯ್ದು, ತೊಳೆದು, ತನ್ನ ಮನೆಯ ಗೋಡೆಯ ಮೊಳೆಗೆ ನೇತುಹಾಕಿದಳು. ಅದು ಒಣಗಿ ಕಪ್ಪಾಯಿತು. ಗಂಡ ತೆಗೆಯಲು ಹೋದರೆ ಕೈ ತಡೆದಳು.

'ಇರ್ಲಿ ಬುಡಿ. ಅವ್ಳೇ ನನ್ ದಿಣ್ಣೆ ಅತ್ತಿ ಬಂದು ಬಾಯ್ಬುಟ್ಟು ಊವ ಕೇಳ್ಬೇಕು. ಅಲ್ಲೀಗಂಟ ಇದು ಇಲ್ಲೇ ಇರ್ಲಿ.'

ಪುಟ್ಟಸ್ವಾಮಿ 'ದಿಣ್ಣೇಲಿ ಉಲ್ಲೇ ಬೆಳ್ಯಾಕಿಲ್ಲ, ಊವಂತೆ' ಅಂದು ಎಮ್ಮೆಗೆ ನೀರು ಕುಡಿಸಲು ಹೋದ.

ಮೂಗಮ್ಮನ ತಮ್ಮ ನಿಂಗರಾಜು ಶ್ರೀರಂಗಪಟ್ಟಣದಲ್ಲಿ ಹೊಳೆ ಪಕ್ಕದ ಒಂದು ತೋಟದಲ್ಲಿ ಮಾಲಿಯಾಗಿದ್ದ. ತೊಂಬತ್ತಮೂರೋ ತೊಂಬತ್ತನಾಲ್ಕೋ ಇರಬೇಕು, ನೀನಿನ್ನೂ ಮೂಗು ಸುರಿಸಿಕೊಂಡು ಓಡಾಡುತ್ತಿದ್ದೆ. ಗೌರಿ ಹಬ್ಬಕ್ಕೆ ಅಕ್ಕನಿಗೆ ಬಾಗಿನ ತಂದವನು, ಜೇಬಿನಿಂದ ಕರ್ಚೀಫಿನ ಗಂಟೊಂದನ್ನೂ ತೆಗೆದ. ಒಳಗೆ ಒಣಗಿದ ಹೂವಿನ ತಲೆಗಳು, ಮುಟ್ಟಿದರೆ ಮುಳ್ಳುಮುಳ್ಳು.

'ಅಕ್ಕ, ಇದು ಅಮೇರಿಕದ ಬೀಳು ಬಯಲಲ್ಲಿ ತಾನೇ ತಾನಾಗಿ ಉಟ್ಕೊಳ್ಳೋ ಊವಂತೆ. ಅಲ್ಲಿ ಯಾರೂ ನೀರಾಕಲ್ವಂತೆ, ದನ ತುಳುದ್ರೂ ಸಾಯಾಕಿಲ್ವಂತೆ. ನಿನ್ ದಿಣ್ಣೆಗೆ ಏಳಿ ಮಾಡ್ಸಿದಂಗದೆ.'

'ಎಸ್ರೇನ್ಲಾ?'

'ಗಲಾಡಿಯನೋ ಗಲಾಟಿಯನೋ ಅಂತಿದ್ರು ತೋಟದ ಸಾಯೇಬ್ರು.'

'ಗಲಾಟೆಯಾ?'

'ಊಂ, ಅಂಗೇ ಮಡಿಕೊ.'

ಮೊದಲ ಸಲ ಮೂಗಮ್ಮ ಎಲ್ಲರೂ ಮಾಡುವ ತಪ್ಪನ್ನೇ ಮಾಡಿದಳು. ಕುರಿಗೊಬ್ಬರ ಹೊತ್ತು ಹಾಕಿದಳು, ಬೆಳಿಗ್ಗೆ ಸಂಜೆ ಕೊಡದಲ್ಲಿ ನೀರು ಹುಯ್ದಳು. ಗಿಡ ಸೊಪ್ಪು ಸೊಪ್ಪಾಗಿ ಎದ್ದು, ಒಂದು ಹೂವನ್ನೂ ಬಿಡದೆ, ಬುಡ ಕಪ್ಪಾಗಿ ಮಲಗಿಕೊಂಡಿತು. ನಿಂಗರಾಜು ಬಂದು ನೋಡಿ ತಲೆ ಚಚ್ಚಿಕೊಂಡ.

'ಏನಕ್ಕ, ಬಾಣಂತಿ ಸಾಕ್ದಂಗೆ ಸಾಕಿದ್ದೀಯ! ಇದಕ್ಕೆ ಮುದ್ದು ಆಗಾಕಿಲ್ಲ. ಅತ್ತೆ ಸೊಸೇನ ನೋಡ್ಕಂಡಂಗೆ ನೋಡ್ಕಬೇಕು.'

'ಅದೆಂಗೆ ಅಂತ ನಂಗ್ಯಾಕಪ್ಪ ಯೋಳ್ಕೊಡ್ತೀಯ' ಅಂದಳು ಮೂಗಮ್ಮ. ಆ ವರ್ಷವೆಲ್ಲ ಅವಳು ಆಡಿದ ದೊಡ್ಡ ಮಾತು ಅದೇ ಇರಬೇಕು.

ಎರಡನೇ ಸಲ ಅವಳು ದಿಣ್ಣೆಯ ಗರಸನ್ನು ಬರೀ ಕೆದಕಿದಳು. ಗೊಬ್ಬರ ಇಲ್ಲ. ಬೀಜ ಉದುರಿಸಿ, ಮಣ್ಣು ಮುಚ್ಚದೆ, ಅಂಗೈಯಲ್ಲಿ ಒತ್ತಿದಳು. ಆ ಬೀಜಕ್ಕೆ ಬೆಳಕು ಕಾಣಬೇಕು. ಮೊಳೆಯುವ ತನಕ ಹೊಂಗೆ ಸೊಪ್ಪು ಅದ್ದಿ ಅದ್ದಿ ನೀರು ಚಿಮುಕಿಸಿದಳು. ಪೈರಾದ ಮೇಲೆ ಗೇಣುದ್ದಕ್ಕಿಂತ ದೂರ ದೂರ ನೆಟ್ಟಳು. ಆಮೇಲೆ ಎಲೆ ಜೋತುಬಿದ್ದು ಬೇಡುವ ತನಕ ತೊಟ್ಟು ನೀರು ಕೊಡಲಿಲ್ಲ. ಹೂ ಬಿಟ್ಟವು ನೋಡು! ನಡುವೆ ಕೆಂಪು, ಸುತ್ತ ಹಳದಿ, ಕುಂಕುಮಕ್ಕೆ ಅರಿಶಿನದ ಅಂಚು ಕಟ್ಟಿದ ಹಾಗೆ. ಬಾಡಿದ್ದನ್ನು ಚಿವುಟುತ್ತಿದ್ದರೆ ಮತ್ತೆ ಮತ್ತೆ ಬಿಡುತ್ತದೆ. ಮೂಗಮ್ಮ ದಿನಾ ಬಿಸಿಲು ಏರುವ ಮೊದಲು ದಿಣ್ಣೆಗೆ ಹೋಗಿ ಚಟ್ ಚಟ್ ಅಂತ ಚಿವುಟುವಳು. ಒಂದೊಂದು ತಲೆ ಉಗುರಿಗೆ ಸಿಕ್ಕಾಗಲೂ ಅವಳ ಕಣ್ಣ ಮುಂದೆ ಇದ್ದದ್ದು ದೊಡ್ಡತಾಯಮ್ಮನ ತುರುಬು.

ಊರಿನ ಹೆಂಗಸರು ಒಬ್ಬೊಬ್ಬರಾಗಿ ದಿಣ್ಣೆಗೆ ಹೋಗಿ ಹೂ ಬೇಡತೊಡಗಿದರು. ದೊಡ್ಡತಾಯಮ್ಮ ಸುಮ್ಮನಿರುತ್ತಾಳೆಯೇ? ನೀರಿನ ತೊಂಬೆಯ ಹತ್ತಿರ ಬಿಂದಿಗೆ ಇಟ್ಟು ಶುರುಮಾಡಿದಳು.

'ಮೂಗಮ್ಮನ ತೋಟ್ದಲ್ಲಿ ಗಲಾಟೆಯಂತೆ, ಕೇಳಿದ್ರಾ! ಎಸ್ರೇ ಗಲಾಟೆ. ಅದುನ್ನ ಮುಡ್ಕಂಡ್ ಓದ್ರೆ ಮನೇಲಿ ಇನ್ನೇನಾದಾತು? ಗಂಡ ಎಂಡ್ರು ಕಿತ್ತಾಡ್ಕಂಡು ಸಾಯ್ಬೇಕು.'

ಅಂದೇ ಚಿಕ್ಕಬೋರಮ್ಮನ ಮನೆಯಲ್ಲಿ ಟೀವಿಯ ಆಂಟೆನಾ ತಿರುಗಿಸುವ ವಿಷಯಕ್ಕೆ ಗಂಡಹೆಂಡಿರ ಜಗಳವಾಗಿ ಪಾತ್ರೆ ಬೀದಿಗೆ ಬಂದವು. ಅವಳ ತಲೆಯಲ್ಲಿ ಗಲಾಟೆ ಹೂವಿತ್ತು. ಆ ಮನೆಯಲ್ಲಿ ಜಗಳವಾಗದ ದಿನ ಯಾವುದಿತ್ತು ಅಂತ ಯಾರೂ ಕೇಳಲಿಲ್ಲ. ಹೂವಿನ ಮೇಲೇ ಹೊರಿಸಿದರು. ಮಾರನೆಯ ದಿನದಿಂದ ದಿಣ್ಣೆಗೆ ಒಬ್ಬರೂ ಬರಲಿಲ್ಲ. ಮೂಗಮ್ಮ ತನ್ನ ಎಮ್ಮೆಯ ಕೊಂಬಿಗೆ ಆ ಹೂವನ್ನೇ ಸುತ್ತಿ, ದೊಡ್ಡತಾಯಮ್ಮನ ಮನೆ ಮುಂದೆಯೇ ಹೊಡೆದುಕೊಂಡು ಹೋದಳು. ದಿನಾ.

ಹೀಗೇ ನಾಲ್ಕಾರು ವರ್ಷ ಕಳೆದು ರಂಜಿತಳ ಮದುವೆ ನಾಗಮಂಗಲದ ಕಡೆಗೆ ಗಟ್ಟಿಯಾಯಿತು. ಕಾರ್ತಿಕದಲ್ಲಿ, ನಮ್ಮೂರಲ್ಲೇ ಮದುವೆ. ದೊಡ್ಡತಾಯಮ್ಮ ಬೀಗರ ಮುಂದೆ ಹೇಳಿಕೊಂಡಿದ್ದಳು, 'ಊವಿಗೆ ನಾವು ಮಾರ್ಕೆಟ್ಟಿಗೆ ಓಗೋರಲ್ಲ. ನಮ್ ಗದ್ದೇಲೇ ಸೇವಂತ್ಗೆ ಆಕ್ಸಿವ್ನಿ' ಅಂತ. ಸೇವಂತಿಗೆ ಚೆನ್ನಾಗಿಯೂ ಬಂದಿತ್ತು. ಆಗ ಹಿಡಿಯಿತು ನೋಡು ಸ್ವಾತಿ ಮಳೆ. ಗದ್ದೆ ಬಯಲೆಲ್ಲ ನೀರು ನಿಂತು ಸೇವಂತಿಗೆ ಬುಡಸಮೇತ ಕೊಳೆತು ನಾರಿತು. ಹಳ್ಳ ಬಂದು ಬಸ್ಸು ಬೆಳ್ಳೂರು ಕ್ರಾಸಿನಿಂದ ಈಚೆಗೆ ಬರಲಿಲ್ಲ. ಚಪ್ಪರದ ದಿನ ಮಳೆ ಬಿಟ್ಟಾಗ ಊರಲ್ಲಿ ಹೂವು ಅಂತ ಇದ್ದದ್ದು ಒಂದೇ ಕಡೆ. ಗರಸು ದಿಣ್ಣೆ ಬಿದ್ದ ನೀರನ್ನೆಲ್ಲ ಕೆಳಕ್ಕೆ ಕಳಿಸಿ, ಕೆಂಪಗೆ ಹಳದಿಯಾಗಿ ನಗುತ್ತಿತ್ತು.

ಮೊದಲು ಚಲುವರಾಜು ದಿಣ್ಣೆಗೆ ಬಂದ. ಮೂಗಮ್ಮ ಸೆರಗು ಹೊದ್ದು ಎದ್ದು ನಿಂತಳು.

'ನೀವ್ಯಾಕೆ ಬಂದ್ರಿ ಭಾವ? ಊವ ಬ್ಯಾಡ ಅಂದೋರು ಬಂದು ಬೇಕು ಅನ್ಲಿ.'

ಸ್ವಲ್ಪ ಹೊತ್ತಿಗೆ ದೊಡ್ಡತಾಯಮ್ಮ ಬಂದಳು, ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು, ಗರಸು ಕಾಲಿಗೆ ಚುಚ್ಚಿ ಹೆಜ್ಜೆಗೊಂದು 'ಅಯ್ಯಪ್ಪಾ' ಅನ್ನುತ್ತ. ನೋಡಲು ಅರ್ಧ ಊರೇ ಹಿಂದೆ ಬಂದಿತ್ತು.

'ಲೇ ಮೂಗಿ, ಚಪ್ಪರಕ್ಕೆ ಒಂದಷ್ಟು ಕೊಡಮ್ಮಿ.'

'ಏನ ಕೊಡ್ಲಿ ಅಕ್ಕ?'

'ಅದೇ... ಊವ.'

'ಯಾವೂವ? ಎಸ್ರೇಳಿ.'

ದೊಡ್ಡತಾಯಮ್ಮನ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. 'ಗಲಾಟೆ' ಅಂದಳು, ಗಂಟಲಲ್ಲೇ.

'ಕೇಳಿಸ್ನಿಲ್ಲ.'

'ಗಲಾಟೆ! ಗಲಾಟೆ ಕೊಡು ನನ್ ತಾಯಿ!'

'ಮದ್ವೆ ಮನೆಗೆ ಗಲಾಟೆ ಬೇಕಂತೆ ಕಣ್ರಮ್ಮಿ!' ಅಂತ ಚಿಕ್ಕಬೋರಮ್ಮ ಹೊಟ್ಟೆ ಹಿಡಿದುಕೊಂಡು ಕೂತಳು. ಮೂಗಮ್ಮ ನಗಲಿಲ್ಲ. ಬುಟ್ಟಿಗಳ ತುಂಬ ಹೂ ಕೊಯ್ದು ಕೊಟ್ಟಳು. ಆದರೆ ದೊಡ್ಡತಾಯಮ್ಮನ ತಲೆ ಮೇಲೆ ಹೊರಿಸಿದ ಬುಟ್ಟಿಯನ್ನು ಮೂಗಮ್ಮ ಬೆಳಿಗ್ಗೆಯೇ ಮನೆಯಿಂದ ತಂದಿಟ್ಟುಕೊಂಡಿದ್ದಳು. ಚಪ್ಪರದಲ್ಲಿ ಅದನ್ನು ಸುರಿದಾಗ ಹೂವೆಲ್ಲ ಬಿದ್ದು, ಕೊನೆಗೆ ತಳದಿಂದ ಕಪ್ಪಗೆ ಒಣಗಿದ ಮೊಗ್ಗಿನ ಜಡೆ ಬಿತ್ತು. ದೊಡ್ಡತಾಯಮ್ಮ ಅದನ್ನು ನೋಡಿ, ಯಾರಿಗೂ ಕಾಣದ ಹಾಗೆ ಸೆರಗಿನಲ್ಲಿ ಮುಚ್ಚಿಕೊಂಡಳು.

ಧಾರೆಯ ಹೊತ್ತಿನಲ್ಲಿ ಗಂಡಿನ ತಾಯಿ ಪುಟ್ಟಗೌರಮ್ಮ ಚಪ್ಪರ ನೋಡಿ ಬಾಯಿ ತುಂಬ ಹೊಗಳಿದಳು.

'ಇದ್ಯಾವೂವ ಬೀಗ್ತಿ? ನಮ್ ಕಡೆ ಕಂಡೇ ಇಲ್ವಲ್ಲ. ಎಸ್ರೇನು?'

ಮದುವೆ ಮನೆಯಲ್ಲಿ ಬೀಗಿತ್ತಿಯ ಮುಂದೆ ಗಲಾಟೆ ಅನ್ನುವುದು ಹೇಗೆ? ಆ ಹೂವಿನಿಂದ ಮನೆ ಒಡೆಯುತ್ತದೆ ಅಂತ ಊರಿಗೆಲ್ಲ ಸಾರಿದವಳೇ ತಾನು. ದೊಡ್ಡತಾಯಮ್ಮ ಮೂಗಮ್ಮನ ಕಡೆ ನೋಡಿದಳು. ಮೂಗಮ್ಮ ಕಂಬಕ್ಕೆ ಒರಗಿ ನಿಂತಿದ್ದಳು. ಒಂದು ಮಾತು ಸಾಕಿತ್ತು. ಆಡಲಿಲ್ಲ, ಕಣ್ಣನ್ನೂ ತೆಗೆಯಲಿಲ್ಲ.

'ಇದು... ಇದು ಮೂಗಮ್ಮನ ಊವ ಅಂತ' ಅಂದಳು ದೊಡ್ಡತಾಯಮ್ಮ.

ಅಲ್ಲಿಗೆ ಗರಸಮ್ಮ ಸತ್ತಳು. ಮಾರನೆಯ ದಿನ ಗಿರಣಿಯವನೂ 'ಮೂಗಮ್ಮನೋರ ರಾಗಿ' ಅಂದ.

ಇಷ್ಟಕ್ಕೆ ಮುಗಿಯಿತು ಅಂದುಕೊಂಡೆಯಾ? ಪುಟ್ಟಗೌರಮ್ಮ ತನ್ನ ಮನೆ ಮುಂದಕ್ಕೂ ಪೈರು ಬೇಕು ಅಂದಳು. 'ನಾನೇ ನಮ್ ಗದ್ದೇಲಿ ಬೆಳ್ಸಿ ಕಳುಸ್ತೀನಿ' ಅಂದುಬಿಟ್ಟಳು ದೊಡ್ಡತಾಯಮ್ಮ. ಅವಳ ಜಂಬಕ್ಕೆ ಅದೆಷ್ಟು ಮಳೆ ಬಿದ್ದರೂ ಸಾಲದು. ಮತ್ತೆ ದಿಣ್ಣೆ ಹತ್ತಿದಳು. ಮೂಗಮ್ಮ ಕೇಳಿದ್ದಕ್ಕಿಂತ ಹೆಚ್ಚೇ ಪೈರು ಕಿತ್ತು, ಒದ್ದೆ ಬಟ್ಟೆ ಸುತ್ತಿ ಕೊಟ್ಟಳು.

'ಎಂಗೆ ಸಾಕದಮ್ಮಿ ಇದುನ್ನ?'

'ಮಗಳ ಸಾಕ್ದಂಗೆ ಸಾಕಿ ಅಕ್ಕ. ಒತ್ತೊತ್ತಿಗೆ ಗೊಬ್ರ, ಒತ್ತೊತ್ತಿಗೆ ನೀರು. ಯಾವುದ್ಕೂ ಕಮ್ಮಿ ಮಾಡ್ಬ್ಯಾಡಿ.'

ದೊಡ್ಡತಾಯಮ್ಮ ಕಮ್ಮಿ ಮಾಡಲಿಲ್ಲ. ಗದ್ದೆ ಬದುವಿಗೆ ಕೊಟ್ಟಿಗೆ ಗೊಬ್ಬರ ಸುರಿಸಿ ನೆಟ್ಟು, ಕಾಲುವೆಯನ್ನೇ ಬುಡಕ್ಕೆ ತಿರುಗಿಸಿದಳು. ಗಿಡಗಳು ಮೊದಲು ದಷ್ಟಪುಷ್ಟವಾಗಿ ಎದ್ದವು. ಅವಳು ಬಂದವರನ್ನೆಲ್ಲ ಕರೆದು ತೋರಿಸಿದಳು. ಮೂಗಮ್ಮನೂ ಹೋಗಿ ನೋಡಿ 'ಚೆಂದಾಗವೆ ಅಕ್ಕ' ಅಂದು ಬಂದಳು. ಬುಡ ಕಪ್ಪಾಗುತ್ತಿದ್ದುದನ್ನು ಕಂಡೂ ಬಂದಳು. ಮುಂದಿನ ವಾರ ಅಷ್ಟೂ ಗಿಡ ಮಲಗಿಬಿಟ್ಟವು.

ದೊಡ್ಡತಾಯಮ್ಮ ಕೊಳೆತ ಗಿಡವೊಂದನ್ನು ಹಿಡಿದು ಗಿರಣಿಯ ಮುಂದೆಯೇ ಮೂಗಮ್ಮನನ್ನು ಅಡ್ಡಗಟ್ಟಿದಳು. 'ಏನ್ ಮಾಟ ಮಾಡಿ ಕೊಟ್ಟೆಯಮ್ಮಿ? ಇಲ್ನೋಡು!'

ಮೂಗಮ್ಮ ಹಿಟ್ಟಿನ ಡಬ್ಬ ಸೊಂಟಕ್ಕೇರಿಸಿಕೊಂಡು ನಿಧಾನವಾಗಿ ಅಂದಳು: 'ಗದ್ದೆಯೋರು ಮುಟ್ಟುದ್ದೆಲ್ಲ ಕೊಳ್ತೋಯ್ತದೆ ಅಕ್ಕ. ನಾನೇನ್ ಮಾಡ್ಲಿ?'

ಈ ಸಲವೂ ಮೊದಲು ನಕ್ಕವಳು ಚಿಕ್ಕಬೋರಮ್ಮನೇ. ದೊಡ್ಡತಾಯಮ್ಮನ ಗದ್ದೆಗೆ ಈಗಲೂ ಕೆಲವರು ಕೊಳೆಗದ್ದೆ ಅನ್ನುತ್ತಾರೆ. ಹಬ್ಬ ಬಂದರೆ, ಬೀಗಿತ್ತಿ ಹೇಳಿ ಕಳಿಸಿದರೆ, ಅವಳು ದಿಣ್ಣೆಯನ್ನೇ ಹತ್ತಬೇಕು. ಮೂಗಮ್ಮ ಹೂ ಕೊಡುತ್ತಾಳೆ, ಒಂದು ಸಲವೂ ಇಲ್ಲ ಅಂದಿಲ್ಲ. ಆದರೆ ಪ್ರತಿ ಸಲವೂ ಕೇಳುತ್ತಾಳೆ, 'ಯಾವೂವ ಅಕ್ಕ? ಎಸ್ರೇಳಿ' ಅಂತ.

ಸರಿ, ಅವರೆಕಾಯಿ ಆಯಿತಲ್ಲ, ಏಳು ಮಗ. ನೀನು ನೀರು ಹುಯ್ದು ಹುಯ್ದು ಆ ಗಿಡದ ಕತೆ ಮುಗಿಸಿದ್ದೀಯ. ದಿಣ್ಣೆಗೆ ಓಡಿಹೋಗಿ, ಮೂಗಮ್ಮನ ಹತ್ತಿರ ಬೀಜಕ್ಕೆ ಒಣಗಿದ ಹೂವಿನ ತಲೆ ಒಂದು ಹಿಡಿ ಇಸಕೊಂಡು ಬಾ; ಬರಿಗೈಯಲ್ಲಿ ಹೋಗಬೇಡ, ಈ ಸುಲಿದ ಕಾಳಿನಲ್ಲಿ ಒಂದು ಬಟ್ಟಲು ತೆಗೆದುಕೊಂಡು ಹೋಗು. ದಾರಿಯಲ್ಲಿ ದೊಡ್ಡತಾಯಮ್ಮ ಸಿಕ್ಕಿ ಆ ಗಿಡ ಸಾಕುವುದು ಹೇಗೆ ಅಂತ ಕೇಳಿದರೆ, ನೀರು ಚೆನ್ನಾಗಿ ಹಾಕಬೇಕಂತೆ ದೊಡ್ಡವ್ವ ಅಂತ ಹೇಳಿ ಬಾ.